ಸೆಂಟರ್ ಕ್ಯಾಪ್ ಮಗುಚಿ ನೋಡಿ, ಆಮೇಲೆ ಬಣ್ಣ ಹೊಡೆಯಿರಿ

ಕಾರಿನ ಚಕ್ರದ ನಡು ರಂಧ್ರವನ್ನು ಮುಚ್ಚುವ ಮುಚ್ಚಳವೇ ವೀಲ್ ಸೆಂಟರ್ ಕ್ಯಾಪ್. ಬಣ್ಣ ಹೋದ ಕ್ಯಾಪ್ ತರುವವರೆಲ್ಲ ಅದರ ಮುಖವನ್ನೇ ನನಗೆ ತೋರಿಸುತ್ತಾರೆ. ನಾನು ಮೊದಲು ಮಗುಚಿ ಹಿಂಬದಿ ನೋಡುತ್ತೇನೆ. ಸುತ್ತಲಿನ ಕ್ಲಿಪ್‌ಗಳೆಲ್ಲ ಇವೆಯೇ? ಅವುಗಳ ಬುಡದಲ್ಲಿ ಬಿಳಿ ಗೆರೆ ಮೂಡಿದೆಯೇ? ಕ್ಲಿಪ್‌ಗಳನ್ನು ಹೊರಕ್ಕೆ ಒತ್ತಿ ಹಿಡಿಯುವ ತಂತಿಯ ರಿಂಗ್ ತನ್ನ ಜಾಗದಲ್ಲಿದೆಯೇ? ಪ್ಲಾಸ್ಟಿಕ್ ಮಡಿಕೆ ಬಿದ್ದು ಬಳಲಿದ ಕಡೆ ಬೆಳ್ಳಗಾಗುತ್ತದೆ. ಆ ಗೆರೆ ಕಂಡರೆ ಕ್ಲಿಪ್ ಇನ್ನೊಂದೆರಡು ಸಲ ತೆಗೆದು ಹಾಕುವಷ್ಟರಲ್ಲಿ ಮುರಿಯುತ್ತದೆ ಎಂದೇ ತಿಳಿಯಬೇಕು. ಕ್ಲಿಪ್ ಮುರಿದ ಕ್ಯಾಪ್‌ಗೆ ನಾನು ಬಣ್ಣ ಹೊಡೆಯುವುದಿಲ್ಲ. ವೇಗದಲ್ಲಿ ತಿರುಗುವ ಚಕ್ರದಿಂದ ಅದು ಕಳಚಿ ಹಾರಿದರೆ ಹಿಂದೆ ಬರುತ್ತಿರುವವರಿಗೆ, ಅದರಲ್ಲೂ ಬೈಕ್ ಸವಾರರಿಗೆ, ಏಟು ಬೀಳುತ್ತದೆ. ಸಿಲಿಕೋನ್ ಅಂಟು ಹಾಕಿ ಕೂರಿಸುವ ಉಪಾಯವನ್ನು ಬಹಳ ಜನ ಕೇಳುತ್ತಾರೆ, ಬೇಡ. ಬೇರಿಂಗ್ ಅಥವಾ ಆಕ್ಸಲ್ ಕೆಲಸಕ್ಕೆ ಹಬ್ ನಟ್ (ಚಕ್ರದ ನಡುವೆ ಕ್ಯಾಪ್‌ನ ಹಿಂದಿರುವ ದೊಡ್ಡ ನಟ್) ಬಿಚ್ಚುವ ದಿನ ಅದನ್ನು ಕಿತ್ತು ತೆಗೆಯಬೇಕಾಗುತ್ತದೆ, ಆಗ ವೀಲ್‌ನ ಅಂಚಿಗೂ ಗಾಯವಾಗುತ್ತದೆ. ಅಂಥ ಕ್ಯಾಪ್‌ಗೆ ಹೊಸದೇ ದಾರಿ. ಕೊಳ್ಳುವಾಗ ಮುಖದ ಅಗಲ ಒಂದನ್ನೇ ನೋಡಬೇಡಿ. ಮುಖದ ಹೊರ ವ್ಯಾಸ ಮತ್ತು ಕ್ಲಿಪ್‌ಗಳ ವ್ಯಾಸ ಎರಡನ್ನೂ ವರ್ನಿಯರ್ ಅಳತೆಗೋಲಿನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಿರಿ. ಒಂದು ಮಿಲಿಮೀಟರ್ ವ್ಯತ್ಯಾಸವಾದರೂ ಕೂರುವುದಿಲ್ಲ, ಕೂತರೂ ನಿಲ್ಲುವುದಿಲ್ಲ.

ಕ್ಯಾಪ್ ಬರೀ ಅಂದಕ್ಕೆ ಇರುವುದಲ್ಲ. ಹಬ್ ನಟ್‌ಗೂ ವೀಲ್‌ನ ನಡು ರಂಧ್ರಕ್ಕೂ ನೀರು, ಕೆಸರು ನುಗ್ಗದಂತೆ ತಡೆಯುತ್ತದೆ. ಇಂದಿನ ಹೆಚ್ಚಿನ ಕಾರುಗಳ ಬೇರಿಂಗ್ ಸೀಲ್ ಆಗಿರುವುದರಿಂದ ಕ್ಯಾಪ್ ಇಲ್ಲದೆ ನಾಲ್ಕು ದಿನ ಓಡಿಸಿದರೆ ಅಪಾಯವೇನಿಲ್ಲ. ಆದರೆ ಹಳೆಯ ಕೆಲವು ಮಾದರಿಗಳಲ್ಲಿ ಅಲಂಕಾರದ ಕ್ಯಾಪ್‌ನ ಒಳಗಡೆ ತಗಡಿನ ಗ್ರೀಸ್ ಕ್ಯಾಪ್ ಬೇರೆಯೇ ಇರುತ್ತದೆ. ಅದನ್ನು ಮುಟ್ಟಬೇಡಿ, ಬೇರಿಂಗ್‌ನ ಗ್ರೀಸನ್ನು ಕಾಯುವುದು ಅದೇ.

ಕ್ಲಿಪ್ ಗಟ್ಟಿ ಇದ್ದರೆ ಮುಖದ ಕಡೆ ಬರೋಣ. ಕ್ಯಾಪ್ ಹಾಳಾಗಲು ಬಿಸಿಲಿನ ಜೊತೆಗೆ ಬ್ರೇಕ್ ಧೂಳೂ ಕಾರಣ. ಪ್ಯಾಡ್ ಮತ್ತು ಡಿಸ್ಕ್ ಸವೆದು ಹಾರುವ ಬಿಸಿ ಕಬ್ಬಿಣದ ಕಣಗಳು ಕ್ಲಿಯರ್ ಕೋಟ್‌ಗೆ (ಬಣ್ಣದ ಮೇಲಿನ ಪಾರದರ್ಶಕ ರಕ್ಷಣೆಯ ಪದರಕ್ಕೆ) ಅಂಟಿ, ಅಲ್ಲೇ ತುಕ್ಕು ಹಿಡಿಯುತ್ತವೆ. ಅದನ್ನು ತೆಗೆಯಲು ಆಸಿಡ್ ಇರುವ ವೀಲ್ ಕ್ಲೀನರ್ ಬಳಸಿದರೆ ಕ್ಲಿಯರ್ ಕೋಟ್ ಇನ್ನೂ ಬೇಗ ಸಾಯುತ್ತದೆ. ಮೊದಲು ಮಂಜಾಗುತ್ತದೆ, ಆಮೇಲೆ ಪೊರೆಯಂತೆ ಏಳುತ್ತದೆ. ಇಷ್ಟೇ ಆಗಿದ್ದರೆ, ಅಥವಾ ಬಣ್ಣ ಹೋಗಿ ಪ್ಲಾಸ್ಟಿಕ್ ಕಂಡಿದ್ದರೂ, ಮನೆಯಲ್ಲೇ ಸರಿಮಾಡಬಹುದು.

ಕ್ರೋಮ್ ಎದ್ದ ಕ್ಯಾಪ್ ವಿಷಯ ಬೇರೆ. ಪ್ಲಾಸ್ಟಿಕ್ ಮೇಲಿನ ಆ ಹೊಳಪು ಬಣ್ಣವಲ್ಲ; ತಾಮ್ರ, ನಿಕಲ್, ಕ್ರೋಮಿಯಂನ ನಿಜವಾದ ಲೋಹದ ಪದರ. ಅದು ಎದ್ದ ಕಡೆ ಅಂಚು ಬ್ಲೇಡಿನಷ್ಟು ಹರಿತ, ಗ್ಲೌಸ್ ಇಲ್ಲದೆ ಮುಟ್ಟಿದರೆ ಬೆರಳು ಸೀಳುತ್ತದೆ. ಸಡಿಲವಾದದ್ದನ್ನೆಲ್ಲ ಕೆರೆದು, ಉಳಿದದ್ದರ ಅಂಚನ್ನು ಉಜ್ಜಿ ಸಮ ಮಾಡದ ಹೊರತು ಮೇಲೆ ಹೊಡೆದ ಬಣ್ಣ ಕ್ರೋಮ್ ಸಮೇತ ಎದ್ದು ಬರುತ್ತದೆ. ಕ್ರೋಮ್ ಸ್ಪ್ರೇ ಹೊಡೆದ ದಿನ ಚೆನ್ನಾಗಿಯೇ ಕಾಣುತ್ತದೆ. ರಕ್ಷಣೆಗೆಂದು ಕ್ಲಿಯರ್ ಹೊಡೆದ ಕೂಡಲೇ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಕ್ರೋಮ್ ಹೋದ ಕ್ಯಾಪ್‌ಗೆ ಸಿಲ್ವರ್ ಅಥವಾ ಹೊಳಪು ಕಪ್ಪು ಹೊಡೆಯಿರಿ ಎನ್ನುವುದೇ ನನ್ನ ಸಲಹೆ.

ಕ್ಯಾಪ್ ತೆಗೆಯುವ ಸರಿಯಾದ ವಿಧಾನ ಹಿಂದಿನಿಂದ ತಳ್ಳುವುದು. ಸಮತಟ್ಟಾದ ನೆಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ವೀಲ್ ನಟ್‌ಗಳನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಜ್ಯಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟು ವೀಲ್ ಬಿಚ್ಚಿ. ಬಟ್ಟೆ ಸುತ್ತಿದ ಮರದ ಹಿಡಿಯಿಂದ ಒಂದೇ ಕಡೆ ಗುದ್ದದೆ ಸುತ್ತಲೂ ಸಮನಾಗಿ ಒತ್ತಿದರೆ ಕ್ಯಾಪ್ ತಾನಾಗಿ ಹೊರಬರುತ್ತದೆ. ವೀಲ್ ಬಿಚ್ಚದೆ ತೆಗೆಯಲೇಬೇಕಿದ್ದರೆ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿ. ಸ್ಕ್ರೂಡ್ರೈವರ್ ಬೇಡ. ನನ್ನ ಕೈಗೆ ಬರುವ ಕ್ಯಾಪ್‌ಗಳ ಅಂಚಿನಲ್ಲಿ ಕಾಣುವ ಕಚ್ಚುಗಳು ಬಹುತೇಕ ಅದರಿಂದಲೇ ಆದವು.

ಇನ್ನು ತೊಳೆಯುವುದು. ಉಜ್ಜುವುದಕ್ಕಿಂತ ಮೊದಲೇ ಇದು ಮುಗಿಯಬೇಕು. ಟೈರ್ ಹೊಳಪಿಗೆ ಹಾಕುವ ದ್ರವದಲ್ಲಿ ಸಿಲಿಕೋನ್ ಇರುತ್ತದೆ. ಅದರ ಮೇಲೆಯೇ ಉಜ್ಜಿದರೆ ಎಣ್ಣೆಯಂಥ ಆ ಪಸೆ ಗೀರುಗಳೊಳಗೆ ಸೇರಿಕೊಂಡು, ಬಣ್ಣ ಹೊಡೆದಾಗ ಸಣ್ಣ ಸಣ್ಣ ಗುಳಿಗಳಾಗಿ ಒಡೆಯುತ್ತದೆ. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಟೂತ್‌ಬ್ರಶ್ ಸಾಕು. ಅಕ್ಷರಗಳ ಸಂದಿಗೂ ಬ್ರಶ್ ಹೋಗಲಿ. ಕಬ್ಬಿಣದ ಕಣಗಳಿಗೆ ಐರನ್ ರಿಮೂವರ್ ಹಾಕಿದರೆ ದ್ರವ ನೇರಳೆ ಬಣ್ಣಕ್ಕೆ ತಿರುಗಿ ಸೋರುತ್ತದೆ, ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದೇ ಗುರುತು. ಚೆನ್ನಾಗಿ ತೊಳೆದು ಒಣಗಿಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಅಸಿಟೋನ್ ಮತ್ತು ಥಿನ್ನರ್ ಹತ್ತಿರಕ್ಕೂ ತರಬೇಡಿ. ಹೆಚ್ಚಿನ ಕ್ಯಾಪ್‌ಗಳು ಎಬಿಎಸ್ ಪ್ಲಾಸ್ಟಿಕ್‌ನವು, ಅಸಿಟೋನ್ ಅದನ್ನು ಕರಗಿಸಿಬಿಡುತ್ತದೆ.

ಬಣ್ಣ ಎಷ್ಟು ದಿನ ಬಾಳುತ್ತದೆ ಎನ್ನುವುದು ತೀರ್ಮಾನವಾಗುವುದು ಉಜ್ಜುವಾಗಲೇ. 400ರ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ಮರಳು ಕಾಗದ, ಸಂಖ್ಯೆ ಹೆಚ್ಚಿದಷ್ಟೂ ನಯ) ಒಂದು ಹನಿ ಸೋಪು ಬೆರೆಸಿದ ನೀರಿನಲ್ಲಿ ಅದ್ದಿ, ಎದ್ದಿರುವ ಕ್ಲಿಯರ್ ಪೂರ್ತಿ ಹೋಗುವವರೆಗೆ ಉಜ್ಜಿ. ಹಳೆಯ ಬಣ್ಣ ಮುಗಿದು ಪ್ಲಾಸ್ಟಿಕ್ ಶುರುವಾಗುವ ಕಡೆ ಒಂದು ಮೆಟ್ಟಿಲು ಇರುತ್ತದೆ. ಕಣ್ಣಿಗೆ ಅದು ಮೋಸ ಮಾಡುತ್ತದೆ, ಬೆರಳಿಗೆ ಮಾಡುವುದಿಲ್ಲ. ಕಣ್ಣು ಮುಚ್ಚಿ ತೋರುಬೆರಳ ತುದಿಯನ್ನು ಅದರ ಮೇಲೆ ನಿಧಾನ ಎಳೆಯಿರಿ. ಅಂಚು ತಗುಲಿದರೆ ಇನ್ನೂ ಉಜ್ಜಬೇಕು. ಅಂಚು ಕರಗಿದ ಮೇಲೆ 600ರಲ್ಲಿ ಇಡೀ ಮುಖವನ್ನು ಉಜ್ಜಿ, ಒಣಗಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಎಲ್ಲೆಲ್ಲಿ ಹೊಳಪು ಉಳಿದಿದೆಯೋ ಅಲ್ಲಿ ಬಣ್ಣ ಕಚ್ಚುವುದಿಲ್ಲ. ಅಕ್ಷರಗಳ ಬುಡದಲ್ಲಿ ಇದು ಖಂಡಿತ ಉಳಿದಿರುತ್ತದೆ. ಪೇಪರಿನ ಸಣ್ಣ ತುಂಡನ್ನು ಬೆಂಕಿಕಡ್ಡಿಗೆ ಸುತ್ತಿ ಆ ಮೂಲೆಗಳಿಗೆ ಕೈ ಹಾಕಬೇಕು. ಸ್ಕ್ರೂಡ್ರೈವರ್ ಕಚ್ಚುಗಳಿಗೆ ಪ್ಲಾಸ್ಟಿಕ್‌ಗೆ ಹೊಂದುವ ಪುಟ್ಟಿಯನ್ನು ತೆಳುವಾಗಿ ತುಂಬಿ, ಒಣಗಿದ ಮೇಲೆ ಸಮ ಮಾಡಿ.

ಲಾಂಛನ ಸ್ಟಿಕ್ಕರ್ ಆಗಿದ್ದರೆ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ, ಹಿಂದಿನಿಂದ ನೈಲಾನ್ ದಾರ ಎಳೆದು ಬಿಡಿಸಬಹುದು. ಮತ್ತೆ ಅಂಟಿಸಲು ಎರಡು ಬದಿ ಅಂಟಿರುವ ಆಕ್ರಿಲಿಕ್ ಫೋಮ್ ಟೇಪ್ ಒಳ್ಳೆಯದು. ಗ್ಲೂ ಗನ್ ಅಂಟು ಬೇಡ, ಬ್ರೇಕಿನ ಬಿಸಿ ಹಬ್‌ಗೆ ಹರಿದಾಗ ಅದು ಮೆತ್ತಗಾಗುತ್ತದೆ. ಉಬ್ಬಕ್ಷರವಾದರೆ ಮೇಲೆ ಮಾಸ್ಕಿಂಗ್ ಟೇಪ್ ಒತ್ತಿ ಕೂರಿಸಿ, ಹೊಸ ಬ್ಲೇಡಿನಿಂದ ಅಕ್ಷರದ ಅಂಚಿಗೆ ತಾಗಿಸಿಕೊಂಡೇ ಕತ್ತರಿಸಿ. ತಗ್ಗಿನ ಅಕ್ಷರಕ್ಕೆ ಬಣ್ಣ ಹೊಡೆದಾದ ಮೇಲೆ ಆಕ್ರಿಲಿಕ್ ಬಣ್ಣ ತುಂಬಿ, ಮೇಲ್ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ತಗ್ಗಿನಲ್ಲಿರುವುದು ಮಾತ್ರ ಉಳಿಯುತ್ತದೆ.

ಹಿಂಬದಿಯ ಕ್ಲಿಪ್‌ಗಳನ್ನೂ ಟೇಪಿನಿಂದ ಮುಚ್ಚಿ, ಬಣ್ಣದ ದಪ್ಪ ಸೇರಿದರೆ ಅವು ಬಿಗಿಯಾಗುತ್ತವೆ. ಕ್ಯಾಪನ್ನು ನೆಲದ ಮೇಲೆ ಹರಡಿದ ಕಾಗದದಲ್ಲಿಟ್ಟು ಹೊಡೆದರೆ ಅಂಚಿಗೆ ಬಣ್ಣ ಸಿಗುವುದಿಲ್ಲ, ಸಿಕ್ಕ ಕಡೆ ಕಾಗದ ಅಂಟಿಕೊಳ್ಳುತ್ತದೆ. ಬೋರಲು ಹಾಕಿದ ಪೇಪರ್ ಕಪ್ಪಿನ ಮೇಲೆ ಕೂರಿಸಿದರೆ ಕಪ್ ಹಿಡಿದೇ ತಿರುಗಿಸಬಹುದು. ಪ್ಲಾಸ್ಟಿಕ್ ಕಂಡ ಕಡೆ ಪ್ಲಾಸ್ಟಿಕ್ ಪ್ರೈಮರ್ (ಬಣ್ಣ ಕಚ್ಚಲೆಂದು ಮೊದಲು ಹೊಡೆಯುವ ತಳದ ಕೋಟ್), ಅದರ ಮೇಲೆ ಸಾಮಾನ್ಯ ಪ್ರೈಮರ್ ತೆಳುವಾಗಿ ಎರಡು ಕೋಟ್, ಒಣಗಿದ ಮೇಲೆ 800ರಲ್ಲಿ ಹಗುರವಾಗಿ ಒಂದು ಸುತ್ತು.

ಸಿಲ್ವರ್ ಎನ್ನುವುದು ಒಂದೇ ಬಣ್ಣವಲ್ಲ. ನಿಮ್ಮ ವೀಲ್ ಕೂಡ ಹಳೆಯದಾಗಿ ಸ್ವಲ್ಪ ಮಾಸಿರುತ್ತದೆ. ರಟ್ಟಿನ ತುಂಡಿನ ಮೇಲೆ ಹೊಡೆದು, ಒಣಗಿಸಿ, ಹಗಲು ಬೆಳಕಿನಲ್ಲಿ ವೀಲ್ ಪಕ್ಕ ಹಿಡಿದು ನೇರವಾಗಿಯೂ ಓರೆಯಾಗಿಯೂ ನೋಡಿ. ನಾಲ್ಕೂ ಕ್ಯಾಪ್‌ಗಳನ್ನು ಒಂದೇ ಸ್ಪ್ರೇ ಕ್ಯಾನಿನಿಂದ, ಒಂದೇ ಸಲಕ್ಕೆ ಹೊಡೆಯಿರಿ. ಹವೆ 20ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದು, ಗಾಳಿ ಬೀಸದ ಆದರೆ ಕಿಟಕಿ ಬಾಗಿಲು ತೆರೆದಿರುವ ಜಾಗ ಸರಿ. ಕ್ಯಾನ್ ಒಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೆ ಎರಡು ನಿಮಿಷ ಅಲ್ಲಾಡಿಸಿ. 20ರಿಂದ 25 ಸೆಂಟಿಮೀಟರ್ ದೂರದಿಂದ, ಕ್ಯಾಪ್‌ನ ಹೊರಗೆ ಗುಂಡಿ ಒತ್ತಿ, ದಾಟಿದ ಮೇಲೆ ಬಿಡಿ. ಮೊದಲ ಕೋಟ್ ಇಬ್ಬನಿಯಷ್ಟು ಮಾತ್ರ, ಕೆಳಗಿನ ಪ್ರೈಮರ್ ಕಾಣುತ್ತಲೇ ಇರಬೇಕು. ಹತ್ತು ನಿಮಿಷ ಬಿಟ್ಟು ಮುಂದಿನದು, ಹೀಗೆ ಮೂರು ನಾಲ್ಕು. ಮುಚ್ಚಿಬಿಡುವ ಆತುರದಲ್ಲಿ ದಪ್ಪ ಹೊಡೆದರೆ ಸಿಲ್ವರ್‌ನ ಲೋಹದ ಕಣಗಳು ಒದ್ದೆ ಬಣ್ಣದಲ್ಲಿ ತೇಲಾಡಿ ಕಪ್ಪು ಮೋಡದಂಥ ಕಲೆಗಳಾಗುತ್ತವೆ.

ಕ್ಲಿಯರ್ ಕೋಟ್‌ನಲ್ಲಿ ಹಾರ್ಡನರ್ ಬೆರೆಯುವ ಎರಡು ಭಾಗದ್ದು ಗಟ್ಟಿ ನಿಜ. ಆದರೆ ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ನನ್ನ ವರ್ಕ್‌ಶಾಪ್‌ನಲ್ಲಿ ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಇಲ್ಲದೆ ಯಾರಿಗೂ ಅದನ್ನು ಮುಟ್ಟಲು ಬಿಡುವುದಿಲ್ಲ, ಮನೆಯಲ್ಲಂತೂ ಬೇಡವೇ ಬೇಡ. ಸಾಮಾನ್ಯ ಕ್ಲಿಯರ್ ಮೂರು ಕೋಟ್ ಹೊಡೆಯಿರಿ. ಪೆಟ್ರೋಲ್ ಮತ್ತು ಬ್ರೇಕ್ ಕ್ಲೀನರ್ ತಾಗಿದರೆ ಅದು ಮೆತ್ತಗಾಗುತ್ತದೆ, ಅಷ್ಟು ಎಚ್ಚರ ಇದ್ದರೆ ಸಾಕು. ಕ್ಲಿಯರ್ ಇನ್ನೂ ಪೂರ್ತಿ ಗಟ್ಟಿಯಾಗುವ ಮೊದಲು ಲಾಂಛನದ ಟೇಪನ್ನು ನಿಧಾನ ಎತ್ತಿ, ತಡವಾದರೆ ಅಂಚು ಹರಿಯುತ್ತದೆ.

ಒಂದು ಗಂಟೆಯಲ್ಲಿ ಕೈಗೆ ಅಂಟದಂತಾಗುತ್ತದೆ, ಆದರೆ ಒಳಗೆ ಹಸಿಯೇ. ಒಂದು ವಾರ ಬಿಡಿ. ಕೂರಿಸುವ ಮೊದಲು ವೀಲ್‌ನ ರಂಧ್ರದ ಒಳ ಅಂಚಿನ ತುಕ್ಕು, ಮಣ್ಣು ಒರೆಸಿ, ತಂತಿಯ ರಿಂಗ್ ಹಾಕಿ, ಅಂಗೈಯಿಂದ ಸುತ್ತಲೂ ಒತ್ತಿ. ಪ್ರತಿ ಕ್ಲಿಪ್ ಕೂತಾಗ ಟಕ್ ಎನ್ನುತ್ತದೆ. ವೀಲ್ ನಟ್‌ಗಳನ್ನು ಎದುರುಬದುರಾಗಿ ಬಿಗಿದು, ಟಾರ್ಕ್, ಅಂದರೆ ಬಿಗಿಯುವ ಬಲವನ್ನು ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಕೊಡಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ. ತೊಳೆಯುವಾಗ ಪ್ರೆಶರ್ ವಾಷರ್‌ನ ಮೂತಿಯನ್ನು ಕ್ಯಾಪ್‌ನ ಅಂಚಿಗೆ ಹಿಡಿಯಬೇಡಿ. ಟೈರ್ ಬದಲಿಸಲು ಕೊಟ್ಟಾಗ ಕ್ಯಾಪನ್ನು ಹಿಂದಿನಿಂದ ತಳ್ಳಿ ತೆಗೆಯಿರಿ ಎಂದು ಅಲ್ಲಿಯವರಿಗೆ ಮೊದಲೇ ಹೇಳಿಬಿಡಿ.