‘ನಮ್ಮ ನಾಯಿಗೆ ಏನೂ ಆಗಿಲ್ಲ’ ಅಂದರೆ ಸಾಲದು

ಕ್ಲಿನಿಕ್‌ನ ಹೊರಗಿನ ಬೆಂಚಿನಲ್ಲಿ ನಾಯಿ ಸಾಕಿದವರು ಇಬ್ಬರು ಕೂತರೆ ಸಾಕು, ಮಾತು ಟ್ರೀಟ್‌ಗೆ, ಅಂದರೆ ಊಟದ ಹೊರತಾಗಿ ನಾಯಿಗೆ ಕೊಡುವ ತಿಂಡಿಗೆ, ಬಂದೇ ಬರುತ್ತದೆ. “ನಮ್ಮವನು ಆ ಬಿಸ್ಕತ್ ಬಿಟ್ಟು ಬೇರೆ ಮೂಸಿಯೂ ನೋಡಲ್ಲ.” “ಅಯ್ಯೋ, ಅದನ್ನು ಕೊಟ್ಟರೆ ನಮ್ಮವಳಿಗೆ ಲೂಸ್ ಮೋಷನ್.” “ಮಂಚಿ ಸ್ಟಿಕ್ ಕೊಡಿ, ಚಪ್ಪಲಿ ಕಚ್ಚೋದು ನಿಲ್ಲಿಸ್ತಾನೆ.” ಒಳಗೆ ಲಸಿಕೆ ತುಂಬಿಸುತ್ತಿರುವ ನನ್ನ ಕಿವಿಗೂ ಇದೆಲ್ಲ ಬೀಳುತ್ತದೆ. ನನಗೆ ಈ ಮಾತು ಕೇಳೋದು ಇಷ್ಟ. ದಿನವಿಡೀ ನಾಯಿಯ ಜೊತೆ ಇರುವವರು ಅವರು. ನಾನು ನೋಡುವುದು ಹತ್ತು ನಿಮಿಷ.

ಆದರೆ ಈ ಮಾತಿನಲ್ಲಿ ಬೇಕಾದ ವಿಷಯಗಳೇ ಬಿಟ್ಟುಹೋಗುತ್ತವೆ. ನಾಯಿ ಎಷ್ಟು ಕೆಜಿ ಇದೆ, ಅಗಿದು ತಿನ್ನುತ್ತದೋ ನುಂಗುತ್ತದೋ, ದಿನಕ್ಕೆ ಎಷ್ಟು ಕೊಡುತ್ತಾರೆ, ಎಷ್ಟು ಕಾಲದಿಂದ ಕೊಡುತ್ತಿದ್ದಾರೆ ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಟ್ರೀಟ್‌ನ ಹೆಸರು ಮಾತ್ರ ಮನೆಗೆ ಹೋಗುತ್ತದೆ. ಒಬ್ಬರ ನಾಯಿಗೆ ಒಗ್ಗಿದ್ದು ಇನ್ನೊಬ್ಬರ ನಾಯಿಯನ್ನು ನನ್ನ ಟೇಬಲ್ ಮೇಲೆ ತಂದು ಮಲಗಿಸುವುದು ಹೀಗೆ.

ಗ್ಲೂಕೋಸ್ ಬಿಸ್ಕತ್ತನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಅತಿ ಹೆಚ್ಚು ನಾಯಿಗಳು ತಿನ್ನುವ ಟ್ರೀಟ್ ಅದೇ, ಅಲ್ವಾ? ಟೀ ಜೊತೆ ಒಂದು ನಮಗೆ, ಒಂದು ಅದಕ್ಕೆ. ಒಂದು ಬಿಸ್ಕತ್ತಿನಲ್ಲಿ ಹೆಚ್ಚುಕಡಿಮೆ 20 ಕ್ಯಾಲೊರಿ. ಮೈದಾ, ತಾಳೆ ಎಣ್ಣೆ, ಕಾಲು ಭಾಗದಷ್ಟು ಸಕ್ಕರೆ. ನಾಯಿ ತಿನ್ನುವ ಒಟ್ಟು ಕ್ಯಾಲೊರಿಯಲ್ಲಿ ಟ್ರೀಟ್ ಶೇಕಡಾ 10 ದಾಟಬಾರದು ಎನ್ನುವುದು ನಾವು ಪಶುವೈದ್ಯರು ಪಾಲಿಸುವ ಲೆಕ್ಕ. ಮರಿ ಆಗದಂತೆ ಆಪರೇಷನ್ ಆದ 30 ಕೆಜಿ ಲ್ಯಾಬ್ರಡಾರ್‌ಗೆ ದಿನಕ್ಕೆ ಸುಮಾರು 1400 ಕ್ಯಾಲೊರಿ ಬೇಕು. 5 ಕೆಜಿ ಶಿಟ್ಸುಗೆ 370ರ ಆಸುಪಾಸು, ಅದೂ ಚೆನ್ನಾಗಿ ಓಡಾಡಿದರೆ. ಈಗ “ನಾನು ದಿನಾ ನಾಲ್ಕು ಬಿಸ್ಕತ್ ಕೊಡ್ತೀನಿ, ಏನೂ ಆಗಿಲ್ಲ” ಎಂದು ಲ್ಯಾಬ್ ಸಾಕಿದವರು ಹೇಳಿದರು ಅಂತಿಟ್ಟುಕೊಳ್ಳಿ. ನಿಜವೇ. ಅವರ ನಾಯಿಗೆ ಅದು ಶೇಕಡಾ 6ಕ್ಕಿಂತ ಕಡಿಮೆ. ಪಕ್ಕದಲ್ಲಿ ಕೂತ ಶಿಟ್ಸುವಿನ ಯಜಮಾನರು ಅದನ್ನೇ ಮನೆಯಲ್ಲಿ ಮಾಡಿದರೆ ಶೇಕಡಾ 20 ದಾಟುತ್ತದೆ. ಊಟ ಕಡಿಮೆ ಮಾಡದಿದ್ದರೆ ಆ ನಾಯಿ ಒಂದೇ ವರ್ಷದಲ್ಲಿ ದುಂಡಗಾಗುತ್ತದೆ. ಮಂಡಿ ನೋವು, ಏದುಸಿರು ಆಮೇಲೆ ಬರುತ್ತವೆ.

ನಮ್ಮ ಅಂಗಡಿಗಳಲ್ಲಿ ಸಿಗುವ ಎಷ್ಟೋ ಟ್ರೀಟ್ ಪ್ಯಾಕೆಟ್‌ಗಳ ಮೇಲೆ ಕ್ಯಾಲೊರಿ ಬರೆದಿರುವುದಿಲ್ಲ. ಪ್ರೋಟೀನ್, ಕೊಬ್ಬು, ನಾರು, ತೇವಾಂಶ ಎಷ್ಟೆಷ್ಟು ಎಂದು ಇರುತ್ತದೆ. ಅಷ್ಟು ಸಾಕು. ನೂರರಿಂದ ಆ ನಾಲ್ಕನ್ನೂ ಕಳೆಯಿರಿ, ಬೂದಿ ಅಂಶಕ್ಕೆ, ಅಂದರೆ ಖನಿಜಗಳಿಗೆ, ಇನ್ನೊಂದು ಐದು ಕಳೆಯಿರಿ. ಉಳಿದದ್ದು ಕಾರ್ಬೋಹೈಡ್ರೇಟ್. ಪ್ರೋಟೀನನ್ನೂ ಕಾರ್ಬೋಹೈಡ್ರೇಟನ್ನೂ ಮೂರೂವರೆಯಿಂದ, ಕೊಬ್ಬನ್ನು ಎಂಟೂವರೆಯಿಂದ ಗುಣಿಸಿ ಕೂಡಿಸಿದರೆ 100 ಗ್ರಾಂನ ಕ್ಯಾಲೊರಿ ಬರುತ್ತದೆ. ಪ್ರೋಟೀನ್ 12, ಕೊಬ್ಬು 10, ನಾರು 3, ತೇವಾಂಶ 10 ಇರುವ ಒಂದು ನಾಯಿ ಬಿಸ್ಕತ್ತಿಗೆ ಹೀಗೆ ಲೆಕ್ಕ ಹಾಕಿದರೆ 337 ಬರುತ್ತದೆ. ಅಂದರೆ 10 ಗ್ರಾಂನ ಒಂದು ಬಿಸ್ಕತ್ತಿಗೆ 34. ಆ ಶಿಟ್ಸುವಿನ ಇಡೀ ದಿನದ ಟ್ರೀಟ್ ಪಾಲು ಒಂದೇ ಬಿಸ್ಕತ್ತಿಗೆ ಮುಗಿಯಿತು. ಪ್ಯಾಕೆಟ್ ಮೇಲೆ ನಾಯಿಯ ಚಿತ್ರ ಇದ್ದ ಮಾತ್ರಕ್ಕೆ ಅದು ಹಗುರವಾದ ತಿಂಡಿ ಅಂದುಕೊಳ್ಳಬೇಡಿ.

ತೂಕಕ್ಕಿಂತ ನನಗೆ ಜಾಸ್ತಿ ಭಯ ತರುವುದು ತಿನ್ನುವ ರೀತಿ. ತೊಗಲಿನ ಚ್ಯೂಗಳನ್ನು, ಅಂದರೆ ನಾಯಿಗೆ ಅಗಿಯಲು ಕೊಡುವ ತುಂಡುಗಳನ್ನು, ನೋಡಿ. ಗಂಟು ಕಟ್ಟಿದ ಮೂಳೆಯ ಆಕಾರದವು, ಕೆಂಪು ಹಸಿರು ಬಣ್ಣದ ಮಂಚಿ ಸ್ಟಿಕ್‌ಗಳು, ಎಲ್ಲ ಅದೇ ಜಾತಿ. ದನದ ಚರ್ಮದ ಒಳಪದರವನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದು, ಬಿಳಿ ಮಾಡಿ, ಒಣಗಿಸಿ ತಿರುಚುತ್ತಾರೆ. ಮಂಚಿ ಸ್ಟಿಕ್ ಆದರೆ ತೊಗಲಿನ ಪುಡಿಗೆ ಅಂಟು, ಬಣ್ಣ ಸೇರಿಸಿ ಒತ್ತಿದ ಕಡ್ಡಿ. ಅಂದಹಾಗೆ, ಆ ಕೆಂಪು ಹಸಿರು ನಾಯಿಗಾಗಿ ಅಲ್ಲ. ನಾಯಿಯ ಕಣ್ಣಿಗೆ ನೀಲಿ, ಹಳದಿ ಬೇರೆ ಬೇರೆಯಾಗಿ ಕಾಣುತ್ತವೆ. ಕೆಂಪಿಗೂ ಹಸಿರಿಗೂ ಅದಕ್ಕೆ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ. ಬಣ್ಣ ಹಾಕಿರುವುದು ನಮ್ಮ ಕಣ್ಣಿಗೆ.

ಒಂದು ತೊಗಲಿನ ತುಂಡನ್ನು ರಾತ್ರಿ ನೀರಿನ ಬಟ್ಟಲಿನಲ್ಲಿ ಹಾಕಿಡಿ. ಬೆಳಿಗ್ಗೆ ನೋಡಿದರೆ ಉಬ್ಬಿ, ಬೆಳ್ಳಗೆ, ಜಾರುವ ಮುದ್ದೆಯಾಗಿರುತ್ತದೆ. ಎರಡು ಕೈಯಲ್ಲಿ ಹಿಡಿದು ಎಳೆದರೂ ಸುಲಭಕ್ಕೆ ಹರಿಯುವುದಿಲ್ಲ. ಒಂದು ಗಂಟೆ ಕೂತು ಅಂಚನ್ನು ಕೆರೆದು ಕೆರೆದು ತಿನ್ನುವ ನಾಯಿಗೆ ಇದರಿಂದ ತೊಂದರೆ ಆಗದೆ ಇರಬಹುದು. ಇನ್ನೊಂದು ನಾಯಿ ಪಕ್ಕದಲ್ಲಿದ್ದರೆ, ಎಲ್ಲಿ ಕಿತ್ತುಕೊಳ್ಳುತ್ತದೋ ಎಂದು ಉಳಿದ ತುಂಡನ್ನು ಗಬಕ್ಕನೆ ನುಂಗುವ ನಾಯಿಗಳಿವೆ. ಅಂಥವಕ್ಕೆ ಆ ಮುದ್ದೆ ಗಂಟಲಲ್ಲಿ ಸಿಕ್ಕುತ್ತದೆ, ಇಲ್ಲವೇ ಕರುಳಲ್ಲಿ ಸಿಕ್ಕುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಕಂಡ ಹಾಗೆ ತೊಗಲು ಕಾಣುವುದಿಲ್ಲ. ಎರಡು ದಿನದಿಂದ ವಾಂತಿ, ಊಟ ಬಿಟ್ಟಿದೆ, ಮಲ ಹೋಗಿಲ್ಲ ಎಂದು ಬಂದ ನಾಯಿಯ ವಿಷಯದಲ್ಲಿ “ಮೊನ್ನೆ ಒಂದು ಚ್ಯೂ ಕೊಟ್ಟಿದ್ವಿ, ಕೊನೇ ತುಂಡು ಎಲ್ಲಿ ಹೋಯ್ತೋ ಗೊತ್ತಿಲ್ಲ” ಎಂದು ಮನೆಯವರು ಬಾಯಿಬಿಟ್ಟರೆ ಮಾತ್ರ ನನಗೆ ದಾರಿ ಸಿಗುತ್ತದೆ. ನಾನು ತೊಗಲಿನ ಚ್ಯೂ ಯಾರಿಗೂ ಬರೆದುಕೊಡುವುದಿಲ್ಲ. ಕೊಡಲೇಬೇಕು ಅನ್ನುವವರಿಗೆ ಹೇಳುವುದು ಇಷ್ಟೇ: ಎದುರಿಗೆ ಕೂತಿರಿ, ನಿಮ್ಮ ಹೆಬ್ಬೆರಳಿನಷ್ಟು ಉಳಿದಾಗ ತೆಗೆದುಬಿಡಿ.

ಈಚೆಗೆ ಬೆಂಚಿನಲ್ಲಿ ಜಾಸ್ತಿ ಹೊಗಳಿಕೆ ಕೇಳುವುದು ಹಿಮಾಲಯದ ಕಡೆಯ ಚುರ್ಪಿಗೆ. ಯಾಕ್ ಮತ್ತು ಹಸುವಿನ ಹಾಲಿನಿಂದ ಮಾಡಿ ಒಣಗಿಸಿದ ಗಟ್ಟಿ ಚೀಸ್. ಲ್ಯಾಕ್ಟೋಸ್ ಬಹಳ ಕಡಿಮೆ, ಪ್ರೋಟೀನ್ ಚೆನ್ನಾಗಿದೆ, ಬಣ್ಣ ಗಿಣ್ಣ ಏನೂ ಇಲ್ಲ. ಪದಾರ್ಥದ ಮಟ್ಟಿಗೆ ನನಗೂ ಮೆಚ್ಚುಗೆಯೇ. ಆದರೆ ಎಲ್ಲರೂ ಅದನ್ನು ಹೊಗಳುವುದು “ಒಂದು ತಿಂಗಳು ಬರುತ್ತೆ ಡಾಕ್ಟ್ರೇ” ಎಂದು. ಅಷ್ಟು ದಿನ ಬರುವುದು ಅದು ಕಲ್ಲಿನಷ್ಟು ಗಟ್ಟಿ ಇರುವುದರಿಂದ. ನಾಯಿ ಗಟ್ಟಿ ವಸ್ತುವನ್ನು ಮುಂದಿನ ಹಲ್ಲಿನಿಂದ ಕಡಿಯುವುದಿಲ್ಲ. ತಲೆ ಓರೆ ಮಾಡಿ, ಕೆನ್ನೆಯ ಭಾಗದ ದೊಡ್ಡ ಹಲ್ಲಿಗೆ ಕೊಟ್ಟು ಅಮುಕುತ್ತದೆ. ಮೇಲ್ದವಡೆಯಲ್ಲಿ ಅದು ನಾಲ್ಕನೇ ಮುಂದವಡೆ ಹಲ್ಲು. ಗಟ್ಟಿ ಚ್ಯೂನಿಂದ ಸೀಳುವುದು ಹೆಚ್ಚಾಗಿ ಆ ಹಲ್ಲೇ. ಹೊರಬದಿಯ ಚಕ್ಕೆ ಎದ್ದು ಒಳಗಿನ ನರ ತೆರೆದುಕೊಳ್ಳುತ್ತದೆ. ನಾಯಿ ಅಳುವುದಿಲ್ಲ. ಒಂದೇ ಬದಿಯಲ್ಲಿ ತಿನ್ನತೊಡಗುತ್ತದೆ. ಕೆಲವು ವಾರ ಕಳೆದ ಮೇಲೆ ಕಣ್ಣಿನ ಕೆಳಗೆ ಊದಿಕೊಂಡು ಕೀವು ಸುರಿದಾಗ ಮನೆಯವರು “ಏನೋ ಹುಳ ಕಚ್ಚಿರಬೇಕು” ಎಂದು ಕರೆತರುತ್ತಾರೆ. ಕೊಂಬು, ಗೊರಸು, ದೊಡ್ಡ ಮೂಳೆ ಇವಕ್ಕೂ ಇದೇ ಮಾತು. ಉಗುರಿನಿಂದ ಒತ್ತಿದರೆ ಸ್ವಲ್ಪವಾದರೂ ಗುರುತು ಬೀಳಬೇಕು. ಬೀಳದಿದ್ದರೆ ಬೇಡ. ಚುರ್ಪಿಯ ತುದಿ ತುಂಡುಗಳನ್ನು ಮೈಕ್ರೋವೇವ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹಪ್ಪಳದ ಹಾಗೆ ಉಬ್ಬಿ ಗರಿಗರಿಯಾಗುತ್ತದೆ. ಆರಿದ ಮೇಲೆ ಅದನ್ನು ಹಲ್ಲಿನ ಭಯವಿಲ್ಲದೆ ಕೊಡಬಹುದು.

ಬೇಯಿಸಿದ ಕೋಳಿ ಮೂಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ. ಕೊಡಬೇಡಿ.

ಜನ ತಮ್ಮ ತಮ್ಮ ಅನುಭವ ಹಂಚಿಕೊಳ್ಳುವುದರಿಂದ ಎಷ್ಟು ದೊಡ್ಡ ಉಪಕಾರ ಆಗುತ್ತದೆ ಎನ್ನುವುದಕ್ಕೆ ಒಂದು ನಿಜವಾದ ಕಥೆ ಇದೆ. ಅಮೆರಿಕದಲ್ಲಿ ಒಣಗಿಸಿದ ಕೋಳಿಮಾಂಸದ ಪಟ್ಟಿಗಳನ್ನು, ಅಂದರೆ ಚಿಕನ್ ಜರ್ಕಿಯನ್ನು, ತಿಂದ ನಾಯಿಗಳು ಕಾಯಿಲೆ ಬೀಳುತ್ತಿವೆ ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಎಫ್‌ಡಿಎ 2007ರಲ್ಲಿ ಮೊದಲ ಎಚ್ಚರಿಕೆ ಕೊಟ್ಟಿತು. ಹೆಚ್ಚಿನವು ಚೀನಾದಿಂದ ಬಂದ ಸರಕು. ದೂರು ಕೊಟ್ಟವರು ಸಾಮಾನ್ಯ ನಾಯಿ ಸಾಕಿದವರು ಮತ್ತು ಅವರ ಪಶುವೈದ್ಯರು. ಪ್ರಯೋಗಾಲಯಗಳಲ್ಲಿ ಎಷ್ಟು ಪರೀಕ್ಷೆ ಮಾಡಿದರೂ ಇಂಥದ್ದೇ ವಿಷ ಎಂದು ಬೆರಳಿಟ್ಟು ತೋರಿಸಲು ಆಗಲಿಲ್ಲ. 2013ರಲ್ಲಿ ಎಫ್‌ಡಿಎ ಮತ್ತೆ ಜನರ ಮುಂದೆಯೇ ಬಂದು, ವಿವರ ಕೊಡಿ ಎಂದು ಕೇಳಿತು. 2014ರ ಮೇ ಹೊತ್ತಿಗೆ 5,600 ನಾಯಿಗಳು ಕಾಯಿಲೆ ಬಿದ್ದ, ಅದರಲ್ಲಿ ಸಾವಿರಕ್ಕೂ ಹೆಚ್ಚು ಸತ್ತ ವರದಿ ಅವರ ಕೈಯಲ್ಲಿತ್ತು. ಕಾರಣ ಸಿಗದಿದ್ದರೂ ಕಾಯಿಲೆಯ ಚಹರೆ ಸಿಕ್ಕಿತು. ವಾಂತಿ ಭೇದಿ ಬಹಳ ನಾಯಿಗಳಲ್ಲಿ. ಇನ್ನು ಕೆಲವು ನಾಯಿಗಳು ಸಿಕ್ಕಾಪಟ್ಟೆ ನೀರು ಕುಡಿದು ಮೂತ್ರ ಮಾಡುತ್ತಿದ್ದವು. ಅವುಗಳ ಮೂತ್ರದಲ್ಲಿ ಸಕ್ಕರೆ ಇತ್ತು, ರಕ್ತದಲ್ಲಿ ಸಕ್ಕರೆ ಸರಿಯಾಗಿತ್ತು. ಸಕ್ಕರೆ ಕಾಯಿಲೆ ಅಲ್ಲ, ಮೂತ್ರಪಿಂಡ ಸಕ್ಕರೆಯನ್ನು ಹಿಡಿದಿಡಲಾಗದೆ ಸೋರಿಬಿಡುವ ಫ್ಯಾಂಕೋನಿ ಸಿಂಡ್ರೋಮ್. ಚಿಕ್ಕ ಜಾತಿಯ ನಾಯಿಗಳಲ್ಲಿ ಇದು ಹೆಚ್ಚಾಗಿ ಕಂಡಿತು. ಜರ್ಕಿ ನಿಲ್ಲಿಸಿದ ಮೇಲೆ ಎಷ್ಟೋ ನಾಯಿಗಳು ಚೇತರಿಸಿಕೊಂಡವು.

ಇವತ್ತು ನನ್ನ ಬಳಿ ನೀರು ಜಾಸ್ತಿ ಕುಡಿಯುವ ಪಗ್ ಬಂದರೆ, ಜರ್ಕಿ ಕೊಡ್ತೀರಾ ಎಂದು ಕೇಳುತ್ತೇನೆ. ಆ ಪ್ರಶ್ನೆ ನನಗೆ ಸಿಕ್ಕಿದ್ದು ಸಾವಿರಾರು ಮನೆಗಳವರು ಬರೆದು ಕಳಿಸಿದ ವಿವರಗಳಿಂದ. ಅವರು “ಆ ಟ್ರೀಟ್ ಸರಿ ಇಲ್ಲ” ಅಂತ ಸುಮ್ನೆ ಹೇಳಿ ಬಿಟ್ಟಿರಲಿಲ್ಲ. ಯಾವ ಪ್ಯಾಕೆಟ್, ಯಾವ ಬ್ಯಾಚ್, ಎಷ್ಟು ದಿನ ಕೊಟ್ಟೆವು, ಯಾವಾಗ ವಾಂತಿ ಶುರುವಾಯಿತು ಎಂದು ಹೇಳಿದ್ದರು.

ಇನ್ನು ಅಡುಗೆಮನೆ. “ಅಂಗಡಿಯದು ಬೇಡ, ಮನೆಯದೇ ಕೊಡ್ತೀವಿ” ಅನ್ನುವವರು ನಮ್ಮಲ್ಲಿ ಬಹಳ. ಒಳ್ಳೆಯದೇ. ಬೀನ್ಸ್, ಸೌತೆಕಾಯಿ, ಕ್ಯಾರೆಟ್, ಬೇಯಿಸಿದ ಗೆಣಸಿನ ಚೂರು, ಬೀಜ ತೆಗೆದ ಕಲ್ಲಂಗಡಿ, ಉಪ್ಪಿಲ್ಲದೆ ಬೇಯಿಸಿದ ಕೋಳಿಯ ಚೂರು, ಇವೆಲ್ಲ ನಾನೂ ಹೇಳುವವೇ. ಕರಾವಳಿಯವರು ಒಣಮೀನು ಕೊಡುತ್ತಾರೆ. ಉಪ್ಪು ಹಾಕಿ ಒಣಗಿಸಿದ್ದಾದರೆ ಬೇಡ. ಉಪ್ಪಿಲ್ಲದೆ ಬಿಸಿಲಿಗೆ ಹಾಕಿದ ಸಣ್ಣ ಮೀನು ಸಿಕ್ಕಿದರೆ ನಾಯಿಗೆ ಹಬ್ಬ. ಒಣಕೊಬ್ಬರಿ ಬಹಳ ಎಣ್ಣೆಯದ್ದು, ಬೆರಳ ತುದಿಯಷ್ಟು ಸಾಕು.

ನನಗೆ ನಿಜವಾಗಿ ಚಿಂತೆ ಆಗುವುದು ಹಬ್ಬದ ದಿನ. ಕೇಸರಿಭಾತಿನಲ್ಲಿ, ಪಾಯಸದಲ್ಲಿ ಒಣದ್ರಾಕ್ಷಿ ಇರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಅಮೆರಿಕದ ಎಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಸ್ಥೆಯ ಪ್ರಾಣಿ ವಿಷ ಕೇಂದ್ರದ ವೈದ್ಯರು 2021ರಲ್ಲಿ ಇದರ ಹಿಂದೆ ಟಾರ್ಟಾರಿಕ್ ಆಮ್ಲ ಇರಬಹುದು ಎಂದು ಬರೆದರು. ಮರುವರ್ಷ ಬಂದ ಅವರ ವರದಿಯಲ್ಲಿ ಹುಣಸೆಹಣ್ಣು ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳೂ ಇದ್ದವು. ಹುಣಸೆಯ ಹುಳಿ ಅದೇ ಆಮ್ಲದ್ದು. ಅಂದಮೇಲೆ ಹುಳಿಯನ್ನ, ಪುಳಿಯೋಗರೆ ಗೊಜ್ಜು, ಹುಣಸೆ ಕ್ಯಾಂಡಿ ನಾಯಿಯ ಬಟ್ಟಲಿಗೆ ಹೋಗಬಾರದು. ಸಾರು ಸಾಂಬಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತವೆ. ಅವು ಕೆಂಪು ರಕ್ತಕಣ ಒಡೆಯುತ್ತವೆ. “ನಮ್ಮ ಹಳ್ಳೀಲಿ ನಾಯಿ ಸಾರನ್ನ ತಿಂದೇ ಬೆಳೆದಿದೆ” ಎನ್ನುತ್ತಾರೆ. ಬೆಳೆದಿರಬಹುದು. ದ್ರಾಕ್ಷಿಯ ವಿಷಯದಲ್ಲಂತೂ ಒಂದು ನಾಯಿ ಹಿಡಿ ತಿಂದು ಆರಾಮಾಗಿರುತ್ತದೆ, ಇನ್ನೊಂದಕ್ಕೆ ಕೆಲವೇ ಕಾಳು ಸಾಕಾಗುತ್ತದೆ. ನಿಮ್ಮದು ಯಾವ ಬಗೆಯದು ಎಂದು ಮುಂಚೆ ತಿಳಿಯುವ ಪರೀಕ್ಷೆ ಇಲ್ಲ. ಸಕ್ಕರೆ ಬದಲು ಜೈಲಿಟಾಲ್ ಹಾಕಿದ ಚ್ಯೂಯಿಂಗ್ ಗಮ್, ಕೆಲವು ಪೀನಟ್ ಬಟರ್‌ಗಳು ಇನ್ನೂ ಕೆಟ್ಟವು. ಅರ್ಧ ಗಂಟೆಯೊಳಗೇ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಬಹುದು. ಪೀನಟ್ ಬಟರ್ ಡಬ್ಬಿಯ ಹಿಂಬದಿ ಓದದೆ ಕೊಡಬೇಡಿ.

ಚರ್ಮದ ಅಲರ್ಜಿಗೆ ಬರುವ ನಾಯಿಗಳ ಮನೆಯವರಲ್ಲಿ ನನ್ನದೊಂದು ವಿನಂತಿ. ಎಂಟು ವಾರ ಒಂದೇ ಬಗೆಯ ಊಟ ಕೊಟ್ಟು ನೋಡೋಣ ಎಂದು ನಾವು ಹೇಳಿದಾಗ, ಅದರಲ್ಲಿ ಟ್ರೀಟ್ ಕೂಡ ಸೇರಿದೆ. ಅಪ್ಪ, ಅಮ್ಮ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಅಜ್ಜಿ ಮಧ್ಯಾಹ್ನ ಅರ್ಧ ರಸ್ಕ್ ಕೊಟ್ಟಿರುತ್ತಾರೆ. ಅಷ್ಟಕ್ಕೇ ಇಡೀ ಪ್ರಯೋಗ ಹಾಳಾಗುತ್ತದೆ. ಕೊಡುವ ಆಸೆ ಇದ್ದರೆ ಆ ಊಟದ್ದೇ ನಾಲ್ಕು ಕಾಳು ಅಜ್ಜಿಯ ಕೈಗೆ ಪ್ರತ್ಯೇಕ ಡಬ್ಬಿಯಲ್ಲಿ ಕೊಡಿ. ನಾಯಿಗೆ ಬೇಕಾಗಿರುವುದು ಅಜ್ಜಿಯ ಕೈಯಿಂದ ಸಿಗುವುದು, ಅಷ್ಟೇ.

ತರಬೇತಿಗೂ ಇದೇ ಅನ್ವಯ. ಕಡಲೆಕಾಳಿನಷ್ಟು ಚೂರು ಹತ್ತು ಸಲ ಕೊಟ್ಟರೆ, ಇಡೀ ಬಿಸ್ಕತ್ ಒಂದು ಸಲ ಕೊಟ್ಟದ್ದಕ್ಕಿಂತ ನಾಯಿ ಚೆನ್ನಾಗಿ ಕಲಿಯುತ್ತದೆ. “ನಮ್ಮ ಲ್ಯಾಬ್‌ಗೆ ಎಷ್ಟು ಕೊಟ್ಟರೂ ಸಾಲದು, ಆಸೆಬುರುಕ” ಎಂದು ಬೈಯುವವರಿಗೆ ಒಂದು ವಿಷಯ ಹೇಳಬೇಕು. ಕೇಂಬ್ರಿಜ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ ಪ್ರಕಾರ, ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಪಿಒಎಂಸಿ ಎಂಬ ಜೀನಿನ ಒಂದು ಚೂರು ಇರುವುದಿಲ್ಲ. ಅಂಥ ನಾಯಿಗೆ ಹಸಿವು ಹೆಚ್ಚು. ಅದು ಹಟ ಮಾಡುತ್ತಿಲ್ಲ, ಅದಕ್ಕೆ ನಿಜವಾಗಿಯೂ ಹಸಿವಾಗುತ್ತಿದೆ. ಬೈಯಬೇಡಿ, ಸೌತೆಕಾಯಿ ಕೊಡಿ.

ಹೊಸ ಟ್ರೀಟ್ ತಂದಾಗ ಒಂದು ಸಲಕ್ಕೆ ಒಂದೇ ಬಗೆ ಶುರು ಮಾಡಿ. ಒಂದು ವಾರ ಮಲ, ಕೆರೆತ, ನೀರು ಕುಡಿಯುವುದನ್ನು ಗಮನಿಸಿ. ಪ್ಯಾಕೆಟ್ಟಿನಿಂದ ಡಬ್ಬಿಗೆ ಸುರಿದರೂ ಪ್ಯಾಕೆಟ್ ಎಸೆಯಬೇಡಿ. ಬ್ಯಾಚ್ ನಂಬರ್ ಇರುವ ಬದಿಯ ಫೋಟೋ ಫೋನಿನಲ್ಲಿರಲಿ. ವಾಂತಿಯಾದರೆ ಅದರದ್ದೂ ಫೋಟೋ ತೆಗೆಯಿರಿ, ಅಸಹ್ಯ ಪಡಬೇಡಿ. ನೀರು ಜಾಸ್ತಿ ಕುಡಿಯುತ್ತಿದೆ ಎಂದು ಕರೆತರುವುದಾದರೆ ಆ ಬೆಳಗಿನ ಮೊದಲ ಮೂತ್ರವನ್ನು ಸ್ವಲ್ಪ ಹಿಡಿದು ತನ್ನಿ. ತೊಳೆದು ಒಣಗಿಸಿದ ಯಾವ ಚಿಕ್ಕ ಡಬ್ಬಿಯಾದರೂ ಆಗುತ್ತದೆ. ಮೂತ್ರ ಪರೀಕ್ಷೆಯ ಪಟ್ಟಿ ಅದ್ದಿ ನೋಡಲು ನನಗೆ ಒಂದು ಚಮಚ ಸಾಕು.