ಪ್ರಶ್ನೆಯೊಳಗೆ ಅಡಗಿ ಕುಳಿತ ಒಂದು ಪದ

ನಾವು ಐದು ಮಂದಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇವೆ. ಸಂಜೆ ಗ್ರಂಥಾಲಯದ ಬಾಗಿಲು ಹಾಕಿದ ಮೇಲೆ ಎದುರಿನ ಚಹಾದಂಗಡಿಯ ಕಲ್ಲುಬೆಂಚಿನಲ್ಲಿ ಕುಳಿತು ಒಬ್ಬರಿಗೊಬ್ಬರು ಪ್ರಶ್ನೆ ಹಾಕುತ್ತೇವೆ. ನಿಯಮ ಎರಡೇ: ಕೇಳಿದವರಿಗೆ ಉತ್ತರದ ಜೊತೆಗೆ ಕಾರಣವೂ ತಿಳಿದಿರಬೇಕು, ಪ್ರಶ್ನೆ ತೊಡಕಿನದಾಗಿರಬಹುದು, ಮೋಸದ್ದಾಗಿರಬಾರದು. ಮೊನ್ನೆ ನೋಟ್‌ಬುಕ್ ತಿರುವಿ ಹಾಕಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನಾವು ತಪ್ಪಿದ ಪ್ರಶ್ನೆಗಳಲ್ಲಿ ಬಹುಪಾಲು ನಮಗೆ ವಿಷಯ ಗೊತ್ತಿದ್ದಂಥವೇ. ಪ್ರಶ್ನೆಯೊಳಗಿನ ಒಂದು ಪದ ಕಿವಿಗೆ ಬೀಳುವ ಮೊದಲೇ ಉತ್ತರ ಬಾಯಿಗೆ ಬಂದುಬಿಟ್ಟಿರುತ್ತಿತ್ತು. ಅಂಥ ಕೆಲವನ್ನು ವಿವರಣೆಯೊಂದಿಗೆ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಗೆಳೆಯರಿಗೂ ಕೇಳಿ ನೋಡಿ.

ಮೊದಲು ‘ಎಲ್ಲಿ’ ಎಂಬ ಪದ. “ಭಾರತದ ಮೊದಲ ಉಪಗ್ರಹ ಆರ್ಯಭಟ ಎಲ್ಲಿಂದ ಹಾರಿತು?” ಎಂದು ಗೆಳತಿಯೊಬ್ಬಳು ಕೇಳಿದಾಗ ಉಳಿದ ನಾಲ್ವರೂ ಒಂದೇ ಉಸಿರಿಗೆ ಶ್ರೀಹರಿಕೋಟ ಎಂದೆವು. ಆರ್ಯಭಟ ಹಾರಿದ್ದು 1975ರ ಏಪ್ರಿಲ್ 19ರಂದು, ಸೋವಿಯತ್ ಒಕ್ಕೂಟದ ಕಪುಸ್ಟಿನ್ ಯಾರ್ ಎಂಬಲ್ಲಿಂದ, ಸೋವಿಯತ್ ರಾಕೆಟ್ಟಿನಲ್ಲಿ. ಉಪಗ್ರಹ ನಮ್ಮದು, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಸಿದ್ಧವಾದದ್ದು. ಆದರೆ ಸುಮಾರು 360 ಕಿಲೋ ತೂಕದ ಅದನ್ನು ಕಕ್ಷೆಗೆ ಒಯ್ಯುವ ರಾಕೆಟ್ ಆಗ ನಮ್ಮಲ್ಲಿರಲಿಲ್ಲ. ನಮ್ಮದೇ ಎಸ್‌ಎಲ್‌ವಿ-3 ರಾಕೆಟ್ 1979ರ ಮೊದಲ ಯತ್ನದಲ್ಲಿ ಸೋತು, 1980ರ ಜುಲೈ 18ರಂದು ಶ್ರೀಹರಿಕೋಟದಿಂದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಹಾಗಾಗಿ ‘ಭಾರತದ ಮೊದಲ ಉಪಗ್ರಹ’ ಆರ್ಯಭಟ. ‘ಭಾರತದ ರಾಕೆಟ್ ಕಕ್ಷೆಗೆ ಸೇರಿಸಿದ ಮೊದಲ ಉಪಗ್ರಹ’ ರೋಹಿಣಿ. ಪರೀಕ್ಷೆಯಲ್ಲಿ ಆಯ್ಕೆಗಳ ನಡುವೆ ಇವೆರಡೂ ಅಕ್ಕಪಕ್ಕ ಕುಳಿತಿರುತ್ತವೆ.

ಇದೇ ಜಾತಿಯ ಇನ್ನೊಂದು: ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಚಿತ್ರೀಕರಣವಾದದ್ದು ಎಲ್ಲಿ? ಬೆಂಗಳೂರು, ಮೈಸೂರು ಎನ್ನುತ್ತಾರೆ. ಸರಿಯುತ್ತರ ಕೊಲ್ಹಾಪುರ. ಆ ಹೊತ್ತಿಗೆ ಮಾತಿನ ಚಿತ್ರಕ್ಕೆ ಬೇಕಾದ ಸ್ಟುಡಿಯೋ ಸೌಲಭ್ಯ ಅಲ್ಲಿತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಮಾತ್ರ ಹೆಸರಿನಲ್ಲೇ ಊರನ್ನು ಇಟ್ಟುಕೊಂಡಿದೆ. ಆದ್ದರಿಂದ ಅದರ ಬಗ್ಗೆ ಊರು ಕೇಳಬೇಡಿ, ಸಂಪಾದಕರನ್ನು ಕೇಳಿ. ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಅವರು ಅದನ್ನು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದರು.

‘ಎತ್ತರ’ ಎಂಬ ಪದ ಇನ್ನೂ ಗಟ್ಟಿ. “ಜಗತ್ತಿನ ಅತಿ ಎತ್ತರದ ಪರ್ವತ?” ಎಂದರೆ ಎವರೆಸ್ಟ್, 2020ರಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ ಪ್ರಕಟಿಸಿದ ಅಳತೆ 8,848.86 ಮೀಟರ್. ಇದು ಸಮುದ್ರಮಟ್ಟದಿಂದ. ಬುಡದಿಂದ ತುದಿಯವರೆಗೆ ಅಳೆಯಿರಿ ಎಂದರೆ ಹವಾಯಿಯ ಮೌನಾ ಕಿಯಾ ಮುಂದೆ ಬರುತ್ತದೆ. ನೀರಿನ ಮೇಲೆ ಕಾಣುವುದು 4,207 ಮೀಟರ್ ಮಾತ್ರ, ಉಳಿದದ್ದು ಶಾಂತಸಾಗರದೊಳಗೆ. ಒಟ್ಟು ಹತ್ತು ಸಾವಿರ ಮೀಟರ್ ದಾಟುತ್ತದೆ. ಇನ್ನು ಭೂಮಿಯ ಕೇಂದ್ರದಿಂದ ಅತಿ ದೂರದಲ್ಲಿರುವ ತುದಿ ಯಾವುದು? ಈಕ್ವೆಡಾರ್ ದೇಶದ ಚಿಂಬೊರಾಜೊ. ಅದರ ಎತ್ತರ ಸಮುದ್ರಮಟ್ಟದಿಂದ ಬರೀ 6,263 ಮೀಟರ್. ಹಾಗಿದ್ದೂ ಎವರೆಸ್ಟನ್ನು ಮೀರುವುದು ಹೇಗೆ? ಭೂಮಿ ದುಂಡಗಿನ ಚೆಂಡಲ್ಲ, ತನ್ನ ಸುತ್ತ ತಿರುಗುವ ರಭಸಕ್ಕೆ ನಡು ಉಬ್ಬಿಕೊಂಡಿದೆ. ಸಮಭಾಜಕದ ಬಳಿ ಕೇಂದ್ರದಿಂದ ಮೇಲ್ಮೈಗಿರುವ ದೂರ ಧ್ರುವಗಳಲ್ಲಿರುವುದಕ್ಕಿಂತ ಸುಮಾರು 21 ಕಿಲೋಮೀಟರ್ ಹೆಚ್ಚು. ಚಿಂಬೊರಾಜೊ ಸಮಭಾಜಕದ ಪಕ್ಕದಲ್ಲೇ ಇದೆ, ಎವರೆಸ್ಟ್ ಸುಮಾರು 28 ಡಿಗ್ರಿ ಉತ್ತರಕ್ಕಿದೆ. ಉಬ್ಬಿದ ನೆಲದ ಮೇಲೆ ನಿಂತ ಪರ್ವತ ಹೀಗೆ ಸುಮಾರು ಎರಡು ಕಿಲೋಮೀಟರಿನಿಂದ ಗೆಲ್ಲುತ್ತದೆ. ಈ ಕಾರಣವನ್ನು ಕಾಗದದ ಮೇಲೆ ಚಪ್ಪಟೆ ವೃತ್ತ ಬರೆದು ಒಮ್ಮೆ ತೋರಿಸಿ, ಗೆಳೆಯರು ಮತ್ತೆಂದೂ ಮರೆಯುವುದಿಲ್ಲ.

‘ಅತಿ ದೊಡ್ಡ ಮರುಭೂಮಿ’ ಎಂದರೆ ಸಹಾರಾ ಅಲ್ಲ, ಅಂಟಾರ್ಕ್ಟಿಕಾ. ಮರುಭೂಮಿಯ ಲಕ್ಷಣ ಮಳೆ ಅಥವಾ ಹಿಮ ತೀರಾ ಕಡಿಮೆ ಬೀಳುವುದು. ಮರಳಾಗಲಿ ಬಿಸಿಲಾಗಲಿ ಬೇಕೆಂದಿಲ್ಲ. ‘ಬಿಸಿ’ ಎಂಬ ಪದ ಸೇರಿದರೆ ಮಾತ್ರ ಸಹಾರಾ. ‘ಅತಿ ಬಿಸಿಯಾದ ಗ್ರಹ’ ಬುಧವಲ್ಲ, ಶುಕ್ರ. ಬುಧ ಸೂರ್ಯನಿಗೆ ಹತ್ತಿರವಿದ್ದರೂ ಶಾಖವನ್ನು ಹಿಡಿದಿಡುವ ವಾತಾವರಣ ಅದಕ್ಕಿಲ್ಲ. ಶುಕ್ರ ಇಂಗಾಲದ ಡೈಆಕ್ಸೈಡಿನ ದಟ್ಟ ಕಂಬಳಿ ಹೊದ್ದು 460 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೇಯುತ್ತದೆ. ಇದೇ ಶುಕ್ರ ತನ್ನ ಸುತ್ತ ಒಮ್ಮೆ ತಿರುಗಲು 243 ದಿನ ತೆಗೆದುಕೊಂಡು, ಸೂರ್ಯನನ್ನು 225 ದಿನಗಳಲ್ಲೇ ಸುತ್ತಿಬಿಡುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಿತ್ತಲಿನ ಪ್ರಶ್ನೆಗಳು. ‘ಬೀಜ ಹೊರಗಿರುವ ಹಣ್ಣು ಯಾವುದು?’ ಎಂಬುದು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ ಒಗಟು, ಉತ್ತರ ಗೇರು. ಈಗ ಅದನ್ನೇ ತಿರುಗಿಸಿ ಕೇಳಿ: ಗೇರಿನ ನಿಜವಾದ ಹಣ್ಣು ಯಾವುದು? ಕೆಂಪು ಹಳದಿ ಬಣ್ಣದ, ರಸ ತುಂಬಿದ, ತಿಂದರೆ ಗಂಟಲು ಕೆರೆಯುವ ಆ ಭಾಗ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹೂವಿನ ತೊಟ್ಟು, ಊದಿಕೊಂಡ ತೊಟ್ಟು ಅಷ್ಟೇ. ತುದಿಯಲ್ಲಿ ಅಂಟಿಕೊಂಡಿರುವ ಬೂದು ಬಣ್ಣದ ಕಾಯಿಯೇ ನಿಜವಾದ ಹಣ್ಣು. ಅದರ ಸಿಪ್ಪೆ ಒಡೆದರೆ ಒಳಗೆ ಸಿಗುವ ಗೋಡಂಬಿ ಬೀಜ. ಅಂದರೆ ಬೀಜ ಹೊರಗಿಲ್ಲ, ಹಣ್ಣಿನ ಒಳಗೇ ಇದೆ! ಕರಾವಳಿಯ ಗುಡ್ಡಗಳ ತುಂಬ ಹಬ್ಬಿರುವ ಈ ಮರ ಮೂಲತಃ ಬ್ರೆಜಿಲಿನದು, ಪೋರ್ಚುಗೀಸರು ತಂದದ್ದು.

ಹಲಸನ್ನು ಹೀಗೆ ಕೇಳಿ: “ಒಂದು ಹಲಸಿನ ಹಣ್ಣಿನಲ್ಲಿ ಎಷ್ಟು ಹಣ್ಣುಗಳಿವೆ?” ಗೆಳೆಯರು ಮುಖ ನೋಡುತ್ತಾರೆ. ಕೈಗೆ ಎಣ್ಣೆ ಸವರಿಕೊಂಡು ಹಲಸು ಬಿಡಿಸಿದವರಿಗೆ ಇದನ್ನು ವಿವರಿಸುವುದು ಸುಲಭ. ಎಳೆ ಹಲಸು ಎಂದರೆ ಒಂದು ದಂಟಿನ ಸುತ್ತ ಒತ್ತಾಗಿ ಕುಳಿತ ನೂರಾರು ಹೂವುಗಳ ಗೊಂಚಲು. ಪರಾಗಸ್ಪರ್ಶವಾದ ಪ್ರತಿಯೊಂದು ಹೂವೂ ಒಂದೊಂದು ತೊಳೆಯಾಗುತ್ತದೆ, ಒಳಗೊಂದು ಬೀಜವಿರುತ್ತದೆ. ಪರಾಗ ಸೇರದ ಹೂವುಗಳು ತೊಳೆಗಳ ನಡುವೆ ಸಿಕ್ಕಿಕೊಂಡು, ನಾವು ಕಿತ್ತು ಬಿಸಾಡುವ ನಾರಿನ ಎಳೆಗಳಾಗುತ್ತವೆ. ಹೊರಗಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ಗುರುತು. ಹೂವುಗಳನ್ನು ಹೊತ್ತಿದ್ದ ದಂಟೇ ಮಧ್ಯದ ಗೂಂಜು. ಆದ್ದರಿಂದ ಎಷ್ಟು ತೊಳೆಯೋ ಅಷ್ಟು ಹಣ್ಣು. ಪಠ್ಯದಲ್ಲಿ ‘ಸಂಯುಕ್ತ ಫಲ’ ಎಂದು ಬಾಯಿಪಾಠ ಮಾಡಿದ್ದು ನನಗೆ ನಿಜಕ್ಕೂ ಅರ್ಥವಾದದ್ದು, ಹಲಸಿನ ಅರ್ಧ ಹೋಳನ್ನು ಮುಂದಿಟ್ಟುಕೊಂಡು ಮುಳ್ಳಿನಿಂದ ತೊಳೆಗೆ, ತೊಳೆಯಿಂದ ಗೂಂಜಿಗೆ ಬೆರಳಿಟ್ಟು ನೋಡಿದ ದಿನ.

‘ಮೊದಲ ಮುಖ್ಯಮಂತ್ರಿ’ ಎಂಬ ಪ್ರಶ್ನೆಗೆ ಹಿಂದೆ ಮುಂದೆ ಏನಿದೆ ಎಂದು ನೋಡದೆ ಉತ್ತರಿಸಬೇಡಿ. ಸ್ವಾತಂತ್ರ್ಯದ ನಂತರ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. 1956ರ ನವೆಂಬರ್ 1ರಂದು ಏಕೀಕರಣವಾದ ರಾಜ್ಯಕ್ಕೆ ಮೊದಲಿಗರು ಎಸ್. ನಿಜಲಿಂಗಪ್ಪ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಾಗ ಆ ಕುರ್ಚಿಯಲ್ಲಿದ್ದವರು ಡಿ. ದೇವರಾಜ ಅರಸು. ಇದಕ್ಕೆ ಹೊಂದಿಕೊಂಡ ಪ್ರಶ್ನೆ ವಿಧಾನಸೌಧದ್ದು. ಕಟ್ಟಿಸಿದವರು ಕೆಂಗಲ್ ಹನುಮಂತಯ್ಯ ಎಂದು ಮಕ್ಕಳೂ ಹೇಳುತ್ತಾರೆ, ಅದು ಸರಿ. ಆದರೆ 1951ರಲ್ಲಿ ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದಾಗ ಮುಖ್ಯಮಂತ್ರಿಯಾಗಿದ್ದವರು ಕೆ.ಸಿ. ರೆಡ್ಡಿ. ಹನುಮಂತಯ್ಯನವರು ಮರುವರ್ಷ ಅಧಿಕಾರಕ್ಕೆ ಬಂದು ನಕ್ಷೆಯನ್ನೇ ಹಿಗ್ಗಿಸಿ ಇಂದಿನ ಭವ್ಯ ರೂಪ ಕೊಟ್ಟರು. 1956ರ ಆಗಸ್ಟಿನಲ್ಲಿ ಅವರು ಇಳಿದ ಮೇಲೆ ಏಕೀಕರಣದವರೆಗಿನ 73 ದಿನ ಆಳಿದವರು ಕಡಿದಾಳ್ ಮಂಜಪ್ಪ. ಈ ಕೊನೆಯ ಹೆಸರನ್ನು ನಮ್ಮ ಗುಂಪಿನಲ್ಲಿ ಯಾರೂ ಹೇಳಿರಲಿಲ್ಲ. ಅಂಥವರ ಹೆಸರು ಇಂಥ ಪ್ರಶ್ನೆಗಳ ನೆಪದಲ್ಲಾದರೂ ನಾಲಗೆಯ ಮೇಲೆ ಬರಬೇಕು.

“ಭಾರತದ ರಾಷ್ಟ್ರಭಾಷೆ?” ಸಂವಿಧಾನ ಯಾವ ಭಾಷೆಯನ್ನೂ ರಾಷ್ಟ್ರಭಾಷೆ ಎಂದು ಕರೆದಿಲ್ಲ. 343ನೇ ವಿಧಿಯಲ್ಲಿ ಹಿಂದಿಗಿರುವುದು ಒಕ್ಕೂಟದ ಆಡಳಿತ ಭಾಷೆಯ ಸ್ಥಾನ. ಎಂಟನೇ ಅನುಸೂಚಿಯಲ್ಲಿ ಆರಂಭದಲ್ಲಿ 14 ಭಾಷೆಗಳಿದ್ದವು, ಈಗ 22. ಕನ್ನಡ ಮೊದಲಿನಿಂದಲೂ ಇದೆ.

ಕೊನೆಯದಾಗಿ, ಹಳೆಯ ಪುಸ್ತಕ ಕೈಕೊಡುವ ಪ್ರಶ್ನೆಗಳು. ಸೆಕೆಂಡ್ ಹ್ಯಾಂಡ್ ಗೈಡಿನಲ್ಲಿ ಓದುವವರು ಇಲ್ಲಿ ಎಚ್ಚರವಾಗಿರಬೇಕು. ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರಂ ಎಂದರೆ ಒಂದು ಕಾಲಕ್ಕೆ ಖರಗ್‌ಪುರ, ಆಮೇಲೆ ಗೋರಖ್‌ಪುರ. 2023ರ ಮಾರ್ಚಿನಿಂದ 1,507 ಮೀಟರಿನ ನಮ್ಮ ಹುಬ್ಬಳ್ಳಿ. ಕನ್ನಡದ ಅತಿ ಹಳೆಯ ಶಾಸನ ಎಂದರೆ ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಎಂದು ಪಠ್ಯಗಳಲ್ಲಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನಕ್ಕೆ ಕ್ರಿ.ಶ. 370ರ ಕಾಲವನ್ನು ಹೇಳಲಾಗಿದೆ. ಎರಡನ್ನೂ ಬರೆದಿಟ್ಟುಕೊಳ್ಳಿ. ಕರ್ನಾಟಕದ ವಿಶ್ವ ಪರಂಪರೆಯ ತಾಣಗಳಲ್ಲಿ ಬಾದಾಮಿ ಮತ್ತು ಐಹೊಳೆಯನ್ನು ಸೇರಿಸುವವರು ಬಹಳ, ಪಟ್ಟಿಯಲ್ಲಿರುವುದು ಪಟ್ಟದಕಲ್ಲು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಸೇರಿದವು.

ಹಂಪಿ ಯಾವ ಜಿಲ್ಲೆ? ಬಳ್ಳಾರಿ ಎಂಬ ಉತ್ತರ 2021ಕ್ಕೆ ಹಳತಾಯಿತು. ಈಗ ವಿಜಯನಗರ, ಜಿಲ್ಲಾ ಕೇಂದ್ರ ಹೊಸಪೇಟೆ. ತುಂಗಭದ್ರಾ ಅಣೆಕಟ್ಟಿನ ಹೊಸಪೇಟೆ ಕಡೆಯ ಭಾಗವೂ ಅದರ ಜೊತೆಗೇ ಹೊಸ ಜಿಲ್ಲೆಗೆ ಬಂತು. ಈ ಉತ್ತರ ಹೇಳಿ ಗೆದ್ದ ಗೆಳೆಯನಿಗೆ ನಮ್ಮ ಗೆಳತಿ ತಕ್ಷಣ ಕೇಳಿದಳು: “ಹಾಗಾದರೆ ಕೃಷ್ಣರಾಜಸಾಗರ ಅಣೆಕಟ್ಟು ಯಾವ ಜಿಲ್ಲೆಯಲ್ಲಿದೆ?” ಅವನು ಮೈಸೂರು ಎಂದ. ಅಣೆಕಟ್ಟು ಇರುವುದು ಮಂಡ್ಯ ಜಿಲ್ಲೆಯಲ್ಲಿ.