ಮನೆ ಖಾಲಿ ಇದೆ ಅಂತ ಗೋಡೆಗೆ ಹೇಗೆ ಗೊತ್ತು?

2014ರ ಜನವರಿ 13ರಂದು ಗೂಗಲ್ ಒಂದು ಸುದ್ದಿ ಕೊಟ್ಟಿತು. ನೆಸ್ಟ್ ಲ್ಯಾಬ್ಸ್ ಅನ್ನೋ ಕಂಪನಿಯನ್ನು 320 ಕೋಟಿ ಡಾಲರ್ ನಗದು ಕೊಟ್ಟು ಕೊಳ್ಳುತ್ತೇವೆ ಅಂತ. ಆಗ ನೆಸ್ಟ್ ಹುಟ್ಟಿ ನಾಲ್ಕು ವರ್ಷವೂ ತುಂಬಿರಲಿಲ್ಲ. ಅದು ಮಾರುತ್ತಿದ್ದದ್ದು ಎರಡೇ ಸಾಮಾನು. ಒಂದು ಗೋಡೆಗೆ ಹಾಕುವ ಥರ್ಮೋಸ್ಟಾಟ್, ಇನ್ನೊಂದು ಹೊಗೆ ಬಂದರೆ ಕೂಗಿ ಎಬ್ಬಿಸುವ ಅಲಾರಂ. ಇಷ್ಟಕ್ಕೆ ಅಷ್ಟು ದುಡ್ಡಾ ಅಂತ ತುಂಬ ಜನ ಹುಬ್ಬೇರಿಸಿದರು. ಉತ್ತರ ಬೇಕಾದರೆ ಆ ಥರ್ಮೋಸ್ಟಾಟನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು.

ಅಮೆರಿಕದ ಮನೆಗಳಲ್ಲಿ ಚಳಿಗಾಲಕ್ಕೆ ಮನೆ ಕಾಯಿಸುವ ಫರ್ನೇಸ್ ಇರುತ್ತದೆ, ಬೇಸಿಗೆಗೆ ಎ.ಸಿ. ಯಾವಾಗ ಹೊತ್ತಬೇಕು, ಯಾವಾಗ ಆರಬೇಕು ಅಂತ ಅವುಗಳಿಗೆ ಹೇಳೋದು ಗೋಡೆ ಮೇಲಿನ ಥರ್ಮೋಸ್ಟಾಟ್. ಇಸ್ತ್ರಿಪೆಟ್ಟಿಗೆ ಸಾಕಷ್ಟು ಕಾದ ಮೇಲೆ ತಾನಾಗೇ ಆರುತ್ತದಲ್ಲ, ಅದೇ ಕೆಲಸ. 1953ರಲ್ಲಿ ಹನಿವೆಲ್ ಕಂಪನಿ ತಂದ ದುಂಡನೆಯ ಥರ್ಮೋಸ್ಟಾಟ್ ಲಕ್ಷಾಂತರ ಮನೆಗಳ ಗೋಡೆ ಸೇರಿತು. ಅದರೊಳಗೆ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಸುರುಳಿ ಸುತ್ತಿದ ಒಂದು ಪಟ್ಟಿ. ಬಿಸಿಯಾದರೆ ಒಂದು ಲೋಹ ಇನ್ನೊಂದಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಹಾಗಾಗಿ ಸುರುಳಿ ಬಾಗುತ್ತದೆ. ಅದರ ತುದಿಯಲ್ಲಿ ಪುಟ್ಟ ಗಾಜಿನ ಕೊಳವೆ, ಒಳಗೆ ಒಂದು ಹನಿ ಪಾದರಸ. ಕೋಣೆ ತಣ್ಣಗಾಗಿ ಸುರುಳಿ ವಾಪಸ್ ತಿರುಗಿ ಕೊಳವೆ ವಾಲಿದಾಗ ಪಾದರಸ ಉರುಳಿಹೋಗಿ ಎರಡು ತಂತಿಗಳನ್ನು ಸೇರಿಸುತ್ತದೆ, ಫರ್ನೇಸ್ ಹೊತ್ತುತ್ತದೆ. ಬ್ಯಾಟರಿ ಬೇಡ, ಚಿಪ್ ಬೇಡ. ನನ್ನ ಮಟ್ಟಿಗೆ ಇದು ತುಂಬ ಚೆಂದದ ಯಂತ್ರ. ಆದರೆ ಅದಕ್ಕೆ ಗೊತ್ತಿರೋದು ಒಂದೇ ವಿಷಯ: ಕೋಣೆ ಎಷ್ಟು ಬಿಸಿ ಇದೆ. ಕೋಣೆಯಲ್ಲಿ ಯಾರಾದರೂ ಇದ್ದಾರಾ ಅನ್ನೋದು ಅದಕ್ಕೆ ಗೊತ್ತಿಲ್ಲ. ಯಾರೂ ಇಲ್ಲದ ಮನೆಯನ್ನೂ ಅಷ್ಟೇ ಶ್ರದ್ಧೆಯಿಂದ ಬೆಚ್ಚಗಿಡುತ್ತದೆ.

ಅಮೆರಿಕದ ಮನೆಯೊಂದು ಬಳಸುವ ಶಕ್ತಿಯಲ್ಲಿ ಹೆಚ್ಚುಕಮ್ಮಿ ಅರ್ಧ ಹೋಗೋದು ಬಿಸಿ ಮಾಡೋದಕ್ಕೆ ಮತ್ತು ತಂಪು ಮಾಡೋದಕ್ಕೆ. ಅದಕ್ಕೇ ಮುಂದೆ ವೇಳಾಪಟ್ಟಿ ಹಾಕಬಹುದಾದ ಡಿಜಿಟಲ್ ಥರ್ಮೋಸ್ಟಾಟ್‌ಗಳು ಬಂದವು. ಆದರೆ ಸಣ್ಣ ಸಣ್ಣ ಬಟನ್ ಒತ್ತಿ ವಾರದ ಏಳೂ ದಿನಕ್ಕೆ ಸಮಯ ತುಂಬುವ ತಾಳ್ಮೆ ಹೆಚ್ಚಿನವರಿಗೆ ಇರಲಿಲ್ಲ. ಉಳಿತಾಯ ಕಾಗದದ ಮೇಲೇ ಉಳಿಯಿತು. ಶಕ್ತಿ ಉಳಿಸುವ ಸಾಮಾನು ಅಂತ ಇವುಗಳಿಗೆ ಕೊಡುತ್ತಿದ್ದ ಎನರ್ಜಿ ಸ್ಟಾರ್ ಗುರುತನ್ನು ಅಮೆರಿಕ ಸರ್ಕಾರ 2009ರ ಕೊನೆಗೆ ನಿಲ್ಲಿಸಿಯೇಬಿಟ್ಟಿತು.

ಈ ಜಾಗಕ್ಕೆ ಬಂದವರು ಟೋನಿ ಫಡೆಲ್ ಮತ್ತು ಮ್ಯಾಟ್ ರೋಜರ್ಸ್. ಇಬ್ಬರೂ ಆಪಲ್‌ನಲ್ಲಿದ್ದವರು, ಫಡೆಲ್ ಅಂತೂ ಐಪಾಡ್ ಕಟ್ಟಿದ ತಂಡದ ಮುಂದಾಳು. 2011ರಲ್ಲಿ ಅವರು ತಂದ ನೆಸ್ಟ್ ಅಂಗೈಯಷ್ಟು ಅಗಲದ ಒಂದು ಬಿಲ್ಲೆ. ಸುತ್ತ ಬೆಳ್ಳಿ ಬಣ್ಣದ ಬಳೆ. ಬಲಕ್ಕೆ ತಿರುಗಿಸಿದರೆ ಬಿಸಿ, ಎಡಕ್ಕೆ ತಿರುಗಿಸಿದರೆ ತಂಪು. ಫರ್ನೇಸ್ ಓಡುವಾಗ ಪರದೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಎ.ಸಿ. ಓಡುವಾಗ ನೀಲಿ. ಯಾರೂ ಇಲ್ಲದಾಗ ಪರದೆ ಕಪ್ಪು, ಹತ್ತಿರ ಹೋದರೆ ಬೆಳಗುತ್ತದೆ.

ಹತ್ತಿರ ಬಂದದ್ದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಮುಖ್ಯ ವಿಜ್ಞಾನ ಇರೋದು ಇಲ್ಲೇ. ನಮ್ಮ ಮೈ ಸದಾ ಅವಗೆಂಪು ಕಿರಣ ಸೂಸುತ್ತಿರುತ್ತದೆ. ಕಣ್ಣಿಗೆ ಕಾಣದ ಈ ಕಿರಣದ ಬಹುಪಾಲು 10 ಮೈಕ್ರೋಮೀಟರ್ ತರಂಗಾಂತರದ ಆಸುಪಾಸಿನಲ್ಲಿರುತ್ತದೆ. ಕೆಲವು ಹರಳುಗಳು ತಮ್ಮ ಬಿಸಿ ಸ್ವಲ್ಪ ಏರಿಳಿದರೂ ಸಣ್ಣ ವಿದ್ಯುದಾವೇಶ ತೋರಿಸುತ್ತವೆ. ಅಂಥ ಎರಡು ತುಣುಕುಗಳನ್ನು ಪಕ್ಕಪಕ್ಕ ಇಟ್ಟು, ಒಂದರ ಸಂಕೇತದಿಂದ ಇನ್ನೊಂದರದ್ದನ್ನು ಕಳೆಯುತ್ತಾರೆ. ಇಡೀ ಕೋಣೆ ನಿಧಾನಕ್ಕೆ ಬಿಸಿಯಾದರೆ ಎರಡಕ್ಕೂ ಒಂದೇ ಥರ ತಟ್ಟುತ್ತದೆ, ಲೆಕ್ಕ ಸೊನ್ನೆ. ಮನುಷ್ಯ ನಡೆದುಹೋದರೆ ಮೊದಲು ಒಂದು ತುಣುಕಿಗೆ, ಆಮೇಲೆ ಇನ್ನೊಂದಕ್ಕೆ ಅವನ ಮೈಬಿಸಿ ಬೀಳುತ್ತದೆ. ಸಂಕೇತ ಏರಿ ಇಳಿಯುತ್ತದೆ. ಯಾರೋ ಓಡಾಡಿದರು! ಆದರೆ ಅಲ್ಲಾಡದೆ ಕೂತು ಪುಸ್ತಕ ಓದುತ್ತಿದ್ದರೆ ಈ ಕಣ್ಣಿಗೆ ನೀವು ಕಾಣೋದಿಲ್ಲ. ಆದ್ದರಿಂದ ಯಂತ್ರ ತಕ್ಷಣ ತೀರ್ಮಾನಕ್ಕೆ ಬರಬಾರದು, ಹಿಂದಿನ ದಿನಗಳಲ್ಲಿ ಇದೇ ಹೊತ್ತಿಗೆ ಏನಾಗಿತ್ತು ಅಂತ ನೋಡಬೇಕು.

ಅದನ್ನೇ ನೆಸ್ಟ್ ಮಾಡುತ್ತಿತ್ತು. ನೀವು ಬಳೆ ತಿರುಗಿಸಿದ ಪ್ರತಿ ಸಲವೂ ಆ ಹೊತ್ತು, ಆ ತಾಪಮಾನ ನೆನಪಿಟ್ಟುಕೊಂಡು ಒಂದು ವಾರದಲ್ಲಿ ತಾನೇ ವೇಳಾಪಟ್ಟಿ ಬರೆಯುತ್ತಿತ್ತು. ಮನೆ ಬಿಸಿಯಾಗೋಕೆ ಎಷ್ಟು ಹೊತ್ತು ಬೇಕು ಅನ್ನೋದನ್ನೂ ಕಲಿಯುತ್ತಿತ್ತು. ಚಳಿಗಾಲದ ಬಿಲ್ಲಿನಲ್ಲಿ ಶೇ. 10ರಿಂದ 12, ತಂಪು ಮಾಡುವ ಖರ್ಚಿನಲ್ಲಿ ಸುಮಾರು ಶೇ. 15 ಉಳಿಯುತ್ತದೆ ಅಂತ 2015ರಲ್ಲಿ ಕಂಪನಿಯೇ ಲೆಕ್ಕ ಕೊಟ್ಟಿತು. ತನ್ನ ಸಾಮಾನಿನ ಬಗ್ಗೆ ತಾನೇ ಹಾಕಿದ ಲೆಕ್ಕ ಅನ್ನೋದು ನೆನಪಿರಲಿ. ಆದರೂ ಹೇಳಿದ್ದು ಅತಿ ಅಂತ ನನಗೆ ಅನ್ನಿಸೋದಿಲ್ಲ. ಖಾಲಿ ಮನೆ ಕಾಯಿಸೋದು ನಿಂತರೆ ಅಷ್ಟಾದರೂ ಉಳಿಯಲೇಬೇಕು.

ಈಗ ಗೂಗಲ್ ಕಣ್ಣಿನಿಂದ ನೋಡಿ. ಯಾವ ಮನೆ ಎಷ್ಟು ಹೊತ್ತಿಗೆ ಏಳುತ್ತದೆ, ಯಾವಾಗ ಖಾಲಿಯಾಗುತ್ತದೆ, ಯಾವಾಗ ಮಲಗುತ್ತದೆ, ಎಲ್ಲವೂ ಆ ಬಿಲ್ಲೆಗೆ ಗೊತ್ತು. ಇದಕ್ಕೆ ಬೆಲೆ ಇದೆ ಅಂತ ನೆಸ್ಟ್ ಮೊದಲೇ ತೋರಿಸಿತ್ತು. ಸುಡುಬಿಸಿಲಿನ ಮಧ್ಯಾಹ್ನ ಊರಿನ ಎ.ಸಿ.ಗಳೆಲ್ಲ ಒಟ್ಟಿಗೆ ಓಡಿದರೆ ವಿದ್ಯುತ್ ಕಂಪನಿಗೆ ಕಷ್ಟ. ಅಂಥ ದಿನ ನೆಸ್ಟ್ ಮನೆಯನ್ನು ಮುಂಚೆಯೇ ಜಾಸ್ತಿ ತಂಪು ಮಾಡಿ, ಬೇಡಿಕೆ ಏರಿದ ಹೊತ್ತಿಗೆ ಎ.ಸಿ. ಕಡಿಮೆ ಓಡಿಸುತ್ತಿತ್ತು. ಗೋಡೆ, ನೆಲ, ಪೀಠೋಪಕರಣಗಳೇ ತಂಪನ್ನು ಕೂಡಿಟ್ಟುಕೊಂಡ ಹಾಗೆ. ಒಪ್ಪಿದ ಗ್ರಾಹಕರಿಗೆ ವಿದ್ಯುತ್ ಕಂಪನಿ ದುಡ್ಡು ಕೊಡುತ್ತಿತ್ತು. ಸಾವಿರಾರು ಮನೆಗಳಲ್ಲಿ ಒಟ್ಟಿಗೆ ಹೀಗಾದಾಗ ಅದು ಒಂದು ವಿದ್ಯುತ್ ಸ್ಥಾವರದಷ್ಟೇ ಉಪಯೋಗಕ್ಕೆ ಬರುತ್ತದೆ. ನನಗೆ ತುಂಬ ಇಷ್ಟವಾಗೋದು ಈ ಭಾಗ.

ಇಷ್ಟವಾಗದ ಭಾಗವೂ ಇದೆ. ಗ್ರಾಹಕರ ಮಾಹಿತಿಯನ್ನು ನೆಸ್ಟ್ ಸಾಮಾನುಗಳಿಗಾಗಿ ಮಾತ್ರ ಬಳಸುತ್ತೇವೆ ಅಂತ ಮಾರಾಟದ ಸುದ್ದಿ ಕೊಟ್ಟ ದಿನವೇ ನೆಸ್ಟ್‌ನವರು ಮಾತು ಕೊಟ್ಟರು. ಮಾತು ಕೊಟ್ಟಾಗ ನೆಸ್ಟ್ ಬೇರೆಯಾಗಿ ನಡೆಯುವ ಕಂಪನಿ. 2018ರಲ್ಲಿ ಅದು ಗೂಗಲ್‌ನ ಒಂದು ವಿಭಾಗವಾಯಿತು. 2019ರಲ್ಲಿ ಬಳಕೆದಾರರನ್ನು ಗೂಗಲ್ ಖಾತೆಯ ಕಡೆಗೆ ಕರೆದುಕೊಂಡು ಹೋಗುವ ಕೆಲಸ ಶುರುವಾಯಿತು. ಅದೇ ವರ್ಷ ಇನ್ನೊಂದು ವಿಷಯ ಹೊರಬಿತ್ತು. ನೆಸ್ಟ್‌ನ ಮನೆ ಕಾಯುವ ಸಾಧನದಲ್ಲಿ ಒಂದು ಮೈಕ್ರೋಫೋನ್ ಇತ್ತು, ಅದರ ವಿವರಗಳ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ. ನಮೂದಿಸದೆ ಬಿಟ್ಟದ್ದು ತಪ್ಪು ಅಂತ ಗೂಗಲ್ ಒಪ್ಪಿಕೊಂಡಿತು. ಮನೆಯೊಳಗಿನ ಸಾಧನದ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ.

ಇನ್ನೂ ದೊಡ್ಡ ಪ್ರಶ್ನೆ ಇದು: ಯಂತ್ರ ನಿಮ್ಮ ಗೋಡೆ ಮೇಲಿದೆ, ಅದರ ಬುದ್ಧಿ ಎಲ್ಲಿದೆ? ನೆಸ್ಟ್ 2014ರಲ್ಲಿ ರೆವಾಲ್ವ್ ಅನ್ನೋ ಸಣ್ಣ ಕಂಪನಿಯನ್ನು ಕೊಂಡಿತು. ದೀಪ, ಬೀಗ ಎಲ್ಲವನ್ನೂ ಒಂದೇ ಕಡೆಯಿಂದ ನಡೆಸುವ ಅದರ ಡಬ್ಬಿಗೆ ಸುಮಾರು 300 ಡಾಲರ್. ಅದರ ಬುದ್ಧಿ ದೂರದ ಸರ್ವರ್‌ನಲ್ಲಿತ್ತು. 2016ರ ಮೇ ತಿಂಗಳಲ್ಲಿ ಸರ್ವರ್ ಆರಿಸಿದರು. ಡಬ್ಬಿಗಳು ಕೆಟ್ಟಿರಲಿಲ್ಲ, ಆದರೂ ಒಂದೂ ಕೆಲಸ ಮಾಡಲಿಲ್ಲ.

ಅದೇ ವರ್ಷದ ಜನವರಿಯಲ್ಲಿ ನೆಸ್ಟ್ ಥರ್ಮೋಸ್ಟಾಟ್‌ಗಳೂ ಕೈಕೊಟ್ಟಿದ್ದವು. ಹಳೆಯ ಮನೆಗಳ ಗೋಡೆಯಲ್ಲಿ ಥರ್ಮೋಸ್ಟಾಟ್‌ಗೆ ಅಂತ ಬರುವ ತಂತಿ ಸಂಕೇತಕ್ಕೆ ಮಾತ್ರ, ಕರೆಂಟ್ ಕೊಡೋದಕ್ಕೆ ಪ್ರತ್ಯೇಕ ತಂತಿ ಇರೋದಿಲ್ಲ. ನೆಸ್ಟ್ ಅದೇ 24 ವೋಲ್ಟ್ ತಂತಿಯಿಂದ ಚೂರುಚೂರೇ ಕರೆಂಟ್ ಎಳೆದು ಒಳಗಿನ ಪುಟ್ಟ ಬ್ಯಾಟರಿ ತುಂಬಿಕೊಳ್ಳುತ್ತದೆ. ಜಾಸ್ತಿ ಎಳೆದರೆ ಫರ್ನೇಸ್ ಸುಮ್ನೆ ಹೊತ್ತಿಬಿಡಬಹುದು. ಇಷ್ಟು ನಾಜೂಕಿನ ಲೆಕ್ಕ. ಅದಕ್ಕೂ ಹಿಂದಿನ ಡಿಸೆಂಬರ್‌ನಲ್ಲಿ ಬಂದ ಅಪ್‌ಡೇಟಿನಲ್ಲಿ ಒಂದು ದೋಷ ಸೇರಿಕೊಂಡಿತ್ತು, ಬ್ಯಾಟರಿಗಳು ಖಾಲಿಯಾದವು. ನಡುಚಳಿಗಾಲದಲ್ಲಿ ಜನ ತಣ್ಣಗಾದ ಮನೆಯಲ್ಲಿ ಕಣ್ಣುಬಿಟ್ಟರು. ಪಾದರಸದ ಹನಿಗೆ ಇಂಥ ಕಾಯಿಲೆ ಬರುವುದಿಲ್ಲ, ಅಲ್ವಾ?

ಇಂಥ ಖರೀದಿಗಳು ಅಲ್ಲಿಗೇ ನಿಲ್ಲಲಿಲ್ಲ. ಕಸ ಗುಡಿಸುತ್ತಾ ಮನೆಯ ನಕ್ಷೆ ಬರೆದುಕೊಳ್ಳುವ ರೂಂಬಾ ರೋಬೋ ತಯಾರಿಸುವ ಐರೋಬೋಟನ್ನು 170 ಕೋಟಿ ಡಾಲರಿಗೆ ಕೊಳ್ಳುತ್ತೇನೆ ಅಂತ ಅಮೆಜಾನ್ 2022ರಲ್ಲಿ ಹೊರಟಿತು. ಪೈಪೋಟಿಗೆ ಪೆಟ್ಟು ಬೀಳುತ್ತದೆ ಅಂತ ಯುರೋಪಿಯನ್ ಒಕ್ಕೂಟ ತಕರಾರು ತೆಗೆದ ಮೇಲೆ 2024ರ ಜನವರಿಯಲ್ಲಿ ಕೈಬಿಟ್ಟಿತು.

ನೆಸ್ಟ್‌ನ ಮೊದಲೆರಡು ಪೀಳಿಗೆಯ ಥರ್ಮೋಸ್ಟಾಟ್‌ಗಳಿಗೆ ಗೂಗಲ್ 2025ರ ಅಕ್ಟೋಬರ್ 25ರಂದು ಬೆಂಬಲ ನಿಲ್ಲಿಸಿತು. ಫೋನಿನಿಂದ ನಡೆಸೋದು ಹೋಯಿತು, ಅಪ್‌ಡೇಟ್ ಬರೋದು ನಿಂತಿತು. ಆದರೆ ರೆವಾಲ್ವ್ ಥರ ಅವು ಪೂರ್ತಿ ಸಾಯಲಿಲ್ಲ. ತಾಪಮಾನದ ಸೆನ್ಸರ್, ಮೈಬಿಸಿ ನೋಡುವ ಕಣ್ಣು, ಲೆಕ್ಕ ಹಾಕುವ ಚಿಪ್, ಎಲ್ಲವನ್ನೂ ಎಂಜಿನಿಯರ್‌ಗಳು ಆ ಬಿಲ್ಲೆಯೊಳಗೇ ಕೂರಿಸಿದ್ದರು. ವೇಳಾಪಟ್ಟಿಯನ್ನು ಅಲ್ಲೇ ಬದಲಾಯಿಸಬಹುದು. ಹತ್ತಿರ ಹೋದರೆ ಕಪ್ಪು ಪರದೆ ಈಗಲೂ ಬೆಳಗುತ್ತದೆ, ಬಳೆ ಬಲಕ್ಕೆ ತಿರುಗಿಸಿದರೆ ಕಿತ್ತಳೆ ಬಣ್ಣ ಬಂದು ಫರ್ನೇಸ್ ಹೊತ್ತಿಕೊಳ್ಳುತ್ತದೆ.